ಸೀನಿದರೆ ಕಾಲಿಗೆ ಕರೆಂಟ್ ಯಾಕೆ ಹೊಡೆಯುತ್ತದೆ?

"ಸೀನು ಬಂತು ಅಂದ್ರೆ ಭಯ ಆಗುತ್ತೆ. ಸೊಂಟದಿಂದ ಹಿಮ್ಮಡಿವರೆಗೆ ಕರೆಂಟ್ ಹೊಡೆದ ಹಾಗೆ." ಮೂಳೆ ಡಾಕ್ಟರ ಹತ್ತಿರ ಬರುವವರು ಆಗಾಗ ಹೇಳುವ ಮಾತು ಇದು. ಕೆಲವರಿಗೆ ಶಾಕ್ ಕಾಲಿನಲ್ಲಿ. ಕೆಲವರಿಗೆ ಕತ್ತಿನಿಂದ ಹೊರಟು ತೋಳಿನುದ್ದಕ್ಕೂ ಹೋಗಿ ಹೆಬ್ಬೆರಳು ಮುಟ್ಟುತ್ತದೆ. ಇನ್ನು ಕೆಲವರಿಗೆ ಬೆನ್ನಿನ ನಡುವೆ ಜುಂ ಅಂತ ಇಳಿದು ಎರಡೂ ಕಾಲಿಗೆ ಹರಡುತ್ತದೆ. ಒಂದೆರಡು ಸೆಕೆಂಡ್ ಅಷ್ಟೆ, ಆಮೇಲೆ ಏನೂ ಆಗಿಲ್ಲ ಅನ್ನುವ ಹಾಗೆ ಎಲ್ಲ ಸುಮ್ಮನಾಗುತ್ತದೆ.

ಮನೆಯಲ್ಲಿ ಹೇಳಿದರೆ "ಗ್ಯಾಸ್ ಇರಬೇಕು" ಅನ್ನುವ ಉತ್ತರ ಸಿಗುತ್ತದೆ. ಪಾಪ, ನಮ್ಮಲ್ಲಿ ಎಲ್ಲ ನೋವಿನ ಹೊಣೆಯನ್ನೂ ಗ್ಯಾಸೇ ಹೊತ್ತುಕೊಂಡಿದೆ. ವೈದ್ಯರ ಕಿವಿಗೆ ಮಾತ್ರ ಇದು ಬೆಲೆಯುಳ್ಳ ಸುಳಿವು. ಎಂ.ಆರ್.ಐ. ಬರುವುದಕ್ಕೆ ಎಷ್ಟೋ ದಶಕ ಮೊದಲೇ ಫ್ರಾನ್ಸಿನ ನರವೈದ್ಯ ಜೂಲ್ಸ್ ಡೆಜರೀನ್ (1849–1917) ಇದರ ಹಿಂದೆ ಬಿದ್ದಿದ್ದರು. ಕೆಮ್ಮಿದಾಗ, ಸೀನಿದಾಗ, ಮಲವಿಸರ್ಜನೆಗೆ ತಿಣುಕಿದಾಗ ನೋವು ಜಾಸ್ತಿಯಾಗುತ್ತಿದ್ದರೆ, ಬೆನ್ನುಹುರಿಯಿಂದ ನರ ಹೊರಡುವ ಬುಡದಲ್ಲೇ ತೊಂದರೆ ಇರಬಹುದು ಎಂಬ ಲೆಕ್ಕಾಚಾರಕ್ಕೆ ಇಂದಿಗೂ ಅವರ ಹೆಸರಿದೆ. ಡಾಕ್ಟರು ನಿಮ್ಮನ್ನು "ಕೆಮ್ಮಿದ್ರೆ ಜಾಸ್ತಿ ಆಗುತ್ತಾ?" ಎಂದು ಕೇಳುವುದು ಇದಕ್ಕೇ.

ಕೆಮ್ಮುವುದು ಗಂಟಲಲ್ಲಿ, ಉರಿಯುವುದು ಕಾಲಲ್ಲಿ. ನಡುವೆ ಏನು ನಡೆಯುತ್ತದೆ?

ಕೆಮ್ಮು ಗಂಟಲಿಗಿಂತ ಹೊಟ್ಟೆ ಮತ್ತು ಎದೆಯ ಕೆಲಸ. ಮೊದಲು ಉಸಿರು ಒಳಗೆ ಎಳೆದುಕೊಳ್ಳುತ್ತೇವೆ. ಆಮೇಲೆ ಧ್ವನಿಪೆಟ್ಟಿಗೆಯ ಬಾಗಿಲು ಗಟ್ಟಿಯಾಗಿ ಮುಚ್ಚಿಕೊಳ್ಳುತ್ತದೆ. ಸೆಕೆಂಡಿನ ಐದನೇ ಒಂದು ಭಾಗದಷ್ಟು ಹೊತ್ತು ಹೊಟ್ಟೆ ಮತ್ತು ಪಕ್ಕೆಯ ಸ್ನಾಯುಗಳು ಆ ಗಾಳಿಯನ್ನು ಹಿಂಡುತ್ತವೆ. ಜೋರು ಕೆಮ್ಮಿನಲ್ಲಿ ಎದೆಯೊಳಗಿನ ಒತ್ತಡ 300 ಮಿಲಿಮೀಟರ್ ಪಾದರಸದವರೆಗೂ ಹೋಗಬಹುದು. ನಮ್ಮ ಮಾಮೂಲಿ ಬಿ.ಪಿ.ಯ ಮೇಲಿನ ಅಂಕಿ 120 ಅಂದುಕೊಂಡರೆ ಇದು ಎಷ್ಟು ಅಂತ ಅಂದಾಜಾಗುತ್ತದೆ. ಬಾಗಿಲು ತೆರೆದಾಗ ಗಾಳಿ ಹೊರಗೆ ನುಗ್ಗುತ್ತದೆ. ಸೀನಿನಲ್ಲೂ ಹೆಚ್ಚುಕಮ್ಮಿ ಇದೇ. ಆದರೆ ಸೀನಿಗೆ ಇನ್ನೊಂದು ಚಾಳಿ ಇದೆ. ಅದು ತಲೆಯನ್ನೂ ಸೊಂಟವನ್ನೂ ಮುಂದಕ್ಕೆ ಎಳೆದು ಬಗ್ಗಿಸುತ್ತದೆ, ಅದೂ ನಮ್ಮ ಅಪ್ಪಣೆ ಕೇಳದೆ.

ಈ ಒತ್ತಡ ಎದೆ, ಹೊಟ್ಟೆಯಲ್ಲೇ ಉಳಿಯುವುದಿಲ್ಲ. ಅದು ಬೆನ್ನುಮೂಳೆಯ ಒಳಕ್ಕೆ ಹೋಗುವ ಒಂದು ದಾರಿಯನ್ನು 1940ರಲ್ಲಿ ಅಮೆರಿಕದ ಅಂಗರಚನಾ ತಜ್ಞ ಆಸ್ಕರ್ ಬ್ಯಾಟ್ಸನ್ ತೋರಿಸಿದರು. ಅವರು ಹುಡುಕುತ್ತಿದ್ದದ್ದು ಬೇರೆಯದು. ಪ್ರಾಸ್ಟೇಟ್ ಕ್ಯಾನ್ಸರ್ ಬೆನ್ನುಮೂಳೆಗೆ ಹೇಗೆ ಹರಡುತ್ತದೆ ಅನ್ನುವುದು ಅವರ ಪ್ರಶ್ನೆ. ಹೊಟ್ಟೆಯ ಕೆಳಭಾಗದಿಂದ ತಲೆಬುರುಡೆಯವರೆಗೆ, ಬೆನ್ನುಹುರಿಯ ಸುತ್ತ, ರಕ್ತನಾಳಗಳ ಒಂದು ಬಲೆಯೇ ಇದೆ. ಅದಕ್ಕೆ ಕವಾಟಗಳಿಲ್ಲ. ಹೊಟ್ಟೆಯಲ್ಲಿ ಒತ್ತಡ ಏರಿದರೆ ಅಲ್ಲಿನ ರಕ್ತ ಈ ಬಲೆಗೆ ನುಗ್ಗುತ್ತದೆ. ಬಲೆ ಉಬ್ಬುತ್ತದೆ. ಬೆನ್ನುಮೂಳೆಯ ಕಾಲುವೆಯಲ್ಲಿ ಮೊದಲೇ ಜಾಗ ಕಮ್ಮಿ. ಹಾಗಾಗಿ ಬೆನ್ನುಹುರಿಯನ್ನು ಸುತ್ತಿಕೊಂಡಿರುವ ದ್ರವದ ಒತ್ತಡವೂ ಏರುತ್ತದೆ. ಬೆನ್ನಿಗೆ ಸೂಜಿ ಹಾಕಿ ಆ ದ್ರವದ ಒತ್ತಡ ಅಳೆಯುವಾಗ ರೋಗಿಗೆ ಕೆಮ್ಮಲು ಹೇಳಿದರೆ ಕೊಳವೆಯಲ್ಲಿ ದ್ರವದ ಮಟ್ಟ ಪುಸಕ್ಕನೆ ಮೇಲೇರುವುದು ಕಣ್ಣಿಗೇ ಕಾಣುತ್ತದೆ.

ಇನ್ನು ಡಿಸ್ಕ್. ಬೆನ್ನುಮೂಳೆಗಳ ನಡುವಿನ ಈ ಬಿಲ್ಲೆಗಳ ಒಳಗೆ ಲೋಳೆಯಂಥ ತಿರುಳು, ಸುತ್ತ ಗಟ್ಟಿ ನಾರಿನ ಉಂಗುರ. ಜರ್ಮನಿಯಲ್ಲಿ 1999ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಸ್ವಯಂಸೇವಕರೊಬ್ಬರ ಸೊಂಟದ ಡಿಸ್ಕ್‌ನೊಳಗೇ ಒತ್ತಡ ಅಳೆಯುವ ಸಾಧನ ಇಟ್ಟು ದಿನದ ಕೆಲಸಗಳನ್ನು ಮಾಡಿಸಿದರು. ಬೋರಲಾಗಿ ಮಲಗಿದಾಗ ಒತ್ತಡ 0.1 ಮೆಗಾಪಾಸ್ಕಲ್. ಸುಮ್ನೆ ನಿಂತರೆ 0.5. ಬೆನ್ನು ಬಗ್ಗಿಸಿ 20 ಕಿಲೋ ಎತ್ತಿದರೆ 2.3. ಅದೇ ಭಾರವನ್ನು ಮಂಡಿ ಮಡಚಿ ಎತ್ತಿದರೆ 1.7. ಸೀನುವಾಗ ನಾವು ಬಗ್ಗುತ್ತೇವೆ, ಜೊತೆಗೆ ಹೊಟ್ಟೆ ಬಿಗಿಯುತ್ತೇವೆ. ಡಿಸ್ಕ್ ಆ ಕ್ಷಣ ಹಿಂಡಿಸಿಕೊಳ್ಳುತ್ತದೆ. ಉಂಗುರ ಎಲ್ಲಾದರೂ ಬಿರುಕು ಬಿಟ್ಟಿದ್ದರೆ ಒಳಗಿನ ತಿರುಳು ಆ ಕಡೆ ಇನ್ನಷ್ಟು ಉಬ್ಬಿ, ಪಕ್ಕದಲ್ಲೇ ಹಾದುಹೋಗುವ ನರದ ಬುಡವನ್ನು ತಾಗುತ್ತದೆ.

ಇಷ್ಟು ಹೇಳಿದರೆ ಕಥೆ ಮುಗಿಯಿತು ಅನಿಸಬಹುದು. ಆದರೆ ಇದು ಎಲ್ಲರಿಗೂ ಆಗುವ ಸಂಗತಿ, ಅಲ್ವಾ? ಎಲ್ಲರೂ ಕೆಮ್ಮುತ್ತಾರೆ. ಎಲ್ಲರ ರಕ್ತನಾಳವೂ ಉಬ್ಬುತ್ತದೆ. ಹಾಗಾದರೆ ಎಲ್ಲರಿಗೂ ಯಾಕೆ ಶಾಕ್ ಹೊಡೆಯುವುದಿಲ್ಲ? ನನಗೆ ಈ ವಿಷಯದಲ್ಲಿ ಎಲ್ಲಕ್ಕಿಂತ ಕುತೂಹಲ ಹುಟ್ಟಿಸಿದ್ದು ಈ ಪ್ರಶ್ನೆಯೇ.

ಇದಕ್ಕೆ ಉತ್ತರ ಕೊಟ್ಟ ಪ್ರಯೋಗಗಳಲ್ಲೊಂದು ಇವತ್ತಿನ ಕಾಲದಲ್ಲಿ ಸುಲಭವಾಗಿ ಅನುಮತಿ ಸಿಗುವಂಥದ್ದಲ್ಲ. 1958ರಲ್ಲಿ ಸ್ಮಿತ್ ಮತ್ತು ರೈಟ್ ಎಂಬ ವೈದ್ಯರು ಅದನ್ನು ಪ್ರಕಟಿಸಿದರು. ಡಿಸ್ಕ್ ಆಪರೇಷನ್ ಮಾಡುವಾಗ ಅವರು ನರದ ಬುಡಕ್ಕೂ ಸುತ್ತಲಿನ ಬೇರೆ ಭಾಗಗಳಿಗೂ ನೈಲಾನ್ ದಾರ ಸುತ್ತಿ, ಅದರ ತುದಿಯನ್ನು ಗಾಯದಿಂದ ಹೊರಗೆ ಬಿಟ್ಟರು. ರೋಗಿ ಚೇತರಿಸಿಕೊಂಡ ಮೇಲೆ ಒಂದೊಂದೇ ದಾರವನ್ನು ಮೆಲ್ಲಗೆ ಎಳೆದು, "ಈಗ ಏನನಿಸುತ್ತೆ?" ಎಂದು ಕೇಳಿದರು. ಡಿಸ್ಕ್ ಒತ್ತುತ್ತಿದ್ದ ನರದ ದಾರ ಎಳೆದಾಗ ಕಾಲಿಗೆ ಇಳಿಯುವ ಹಳೆಯ ನೋವು ಹಾಗೇ ಮರಳಿ ಬಂತು. ಅದಕ್ಕೆ ಸ್ವಲ್ಪ ಎಳೆತ ಸಾಕಾಗುತ್ತಿತ್ತು. 1991ರಲ್ಲಿ ಅಮೆರಿಕದ ಕುಸ್ಲಿಚ್ ಮತ್ತು ಸಂಗಡಿಗರು 193 ರೋಗಿಗಳಿಗೆ ಪೂರ್ತಿ ಪ್ರಜ್ಞೆ ತಪ್ಪಿಸದೆ, ಬರೀ ಆ ಜಾಗವನ್ನು ಮರಗಟ್ಟಿಸಿ ಆಪರೇಷನ್ ಮಾಡಿದರು. ಎಚ್ಚರವಾಗಿದ್ದವರನ್ನು ಕೇಳುತ್ತಾ ಒಂದೊಂದು ಭಾಗವನ್ನು ಮುಟ್ಟಿ ನೋಡಿದರು. ಊದಿಕೊಂಡ, ಒತ್ತಡದಲ್ಲಿದ್ದ ನರ ಮುಟ್ಟಿದರೆ ಕಾಲಿನ ನೋವು. ಆರೋಗ್ಯವಾಗಿದ್ದ ನರ ಮುಟ್ಟಿದರೆ ನೋವಿಲ್ಲ.

ಅಂದರೆ ಬರೀ ಒತ್ತಿದರೆ ಸಾಲದು. ನರ ಮೊದಲೇ ಕೆರಳಿರಬೇಕು. ಅದನ್ನು ಕೆರಳಿಸುವುದರಲ್ಲಿ ಡಿಸ್ಕ್‌ನ ತಿರುಳಿಗೇ ಒಂದು ಪಾಲಿದೆ ಎಂದು ಸ್ವೀಡನ್ನಿನ ಒಲ್ಮಾರ್ಕರ್ ತಂಡ 1993ರಲ್ಲಿ ಹಂದಿಗಳಲ್ಲಿ ತೋರಿಸಿತು. ಯಾವ ಒತ್ತಡವನ್ನೂ ಹಾಕದೆ ತಿರುಳನ್ನು ನರದ ಮೇಲೆ ಇಟ್ಟಿದ್ದಕ್ಕೇ ನರದ ಕೆಲಸ ಕುಂಠಿತವಾಯಿತು. ತಿರುಳಿನಲ್ಲಿರುವ ರಾಸಾಯನಿಕಗಳು ಉರಿಯೂತ ಎಬ್ಬಿಸುತ್ತವೆ. ಹೀಗೆ ಊದಿ ಕೆಂಪಾದ ನರ ಒಂದು ವಿಚಿತ್ರ ಗುಣ ಬೆಳೆಸಿಕೊಳ್ಳುತ್ತದೆ. ಒತ್ತಡ, ಎಳೆತಗಳಿಗೆ ಅದು ಅಲ್ಲಿಂದಲೇ ಸಂದೇಶ ಕಳಿಸತೊಡಗುತ್ತದೆ. ನರದ ನಡುಭಾಗದ ಕೆಲಸ ಸಂದೇಶವನ್ನು ದಾಟಿಸುವುದು ಅಷ್ಟೆ, ಹುಟ್ಟಿಸುವುದಲ್ಲ. ಆದರೆ ಪೆಟ್ಟಾದ ನರ ಹಾಗೆ ಸುಮ್ಮನಿರುವುದಿಲ್ಲ. 1977ರಲ್ಲಿ ಅಮೆರಿಕದ ಸಂಶೋಧಕರು ಪ್ರಾಣಿಗಳ ನರ ಒತ್ತಿ ನೋಡಿದಾಗ, ಆರೋಗ್ಯವಂತ ನರದ ಬುಡ ಒಂದು ಕ್ಷಣ ಮಿಡಿದು ನಿಂತುಬಿಟ್ಟಿತು. ಬಹಳ ದಿನಗಳಿಂದ ಗಾಯಗೊಂಡಿದ್ದ ನರ ಮಿಡಿಯುತ್ತಲೇ ಇತ್ತು.

ಇದರಿಂದಾಗಿ ಕೆಮ್ಮನ್ನು ನಾನು ಅಪರಾಧಿ ಅನ್ನಲಾರೆ. ಒಳಗೆ ಯಾವುದೋ ನರ ಕೆರಳಿ ಕೂತಿದೆ ಅಂತ ಅದು ಹೇಳಿಕೊಡುತ್ತಿದೆ, ಅಷ್ಟೆ.

ಹಾಗಾದರೆ ಅದು ಕರೆಂಟ್ ಥರವೇ ಯಾಕಿರಬೇಕು? ಮೊಣಕೈಯ ಒಳಬದಿ ಬಾಗಿಲಿಗೆ ಬಡಿದಾಗ ಕಿರುಬೆರಳಿಗೆ ಜುಂ ಅಂತ ಹೊಡೆಯುವುದು ಎಲ್ಲರಿಗೂ ಗೊತ್ತು. ಅಲ್ಲಿ ಚರ್ಮದ ಕೆಳಗೇ ಒಂದು ನರ ಹಾದುಹೋಗುತ್ತದೆ. ಪೆಟ್ಟು ಬಿದ್ದದ್ದು ಮೊಣಕೈಗೆ, ಆದರೆ ಆ ನರದ ಎಳೆಗಳು ಹೊರಟದ್ದು ಕಿರುಬೆರಳಿನಿಂದ. ಮೆದುಳಿಗೆ ಗೊತ್ತಿರುವುದು ಅಷ್ಟೇ. ಸಂದೇಶ ದಾರಿಯ ನಡುವೆ ಹುಟ್ಟಿದೆ ಅಂತ ತಿಳಿಯಲು ಅದಕ್ಕೆ ದಾರಿಯೇ ಇಲ್ಲ. ಸೊಂಟದ ನರಕ್ಕೂ ಇದೇ ಮಾತು. ಶಾಕ್ ಸೊಂಟದಿಂದ ಕೆಳಗೆ ಇಳಿದ ಹಾಗೆ ಅನಿಸಿದರೂ ಮೆದುಳು ಓದುವ ಸಂದೇಶ ಸೊಂಟದಿಂದ ಮೇಲಕ್ಕೆ ಹೋದದ್ದು. ಕಾಲಿನಲ್ಲಿ ಏನೂ ನಡೆದಿರುವುದಿಲ್ಲ.

ಸಾಮಾನ್ಯವಾಗಿ ಚರ್ಮದಿಂದ ಬರುವ ಸಂದೇಶಗಳಿಗೆ ಒಂದು ಹದ ಇರುತ್ತದೆ: ಇಷ್ಟು ಎಳೆಗಳು, ಇಷ್ಟು ವೇಗದಲ್ಲಿ. ನರವನ್ನು ನಡುವೆ ಹಿಂಡಿದಾಗ ಸ್ಪರ್ಶದ ದಪ್ಪ ಎಳೆಗಳು ಒಟ್ಟೊಟ್ಟಿಗೆ ಮಿಡಿಯುತ್ತವೆ. 1984ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ಇಂಥ ರೋಗಿಗಳ ನರಕ್ಕೆ ಕೂದಲಿನಂಥ ತೆಳು ಸೂಜಿ ಚುಚ್ಚಿ, ಶಾಕ್ ಅನಿಸಿದ ಹೊತ್ತಿನಲ್ಲೇ ಆ ಮಿಡಿತದ ಸುರಿಮಳೆಯನ್ನು ದಾಖಲಿಸಿದರು. ಹೊರಗಿನ ಕರೆಂಟ್ ತಾಗಿದಾಗ ಆಗುವುದೂ ಇದೇ, ಎಲ್ಲ ಎಳೆಗಳೂ ಒಮ್ಮೆಗೇ ಮಿಡಿಯುತ್ತವೆ. ಆದ್ದರಿಂದ "ಕರೆಂಟ್ ಹೊಡೆದ ಹಾಗೆ" ಅನ್ನುವ ಜನರ ಮಾತು ಎಷ್ಟು ಕರಾರುವಾಕ್ಕಾಗಿದೆ ನೋಡಿ. ನರದಲ್ಲಿ ವಿದ್ಯುತ್ತಂತೂ ನಿಜವಾಗಿಯೂ ಇದೆ. ಸುಮ್ಮನಿರುವ ನರಕೋಶದ ಒಳಗೂ ಹೊರಗೂ ನಡುವೆ ಸುಮಾರು 70 ಮಿಲಿವೋಲ್ಟ್ ವ್ಯತ್ಯಾಸವಿರುತ್ತದೆ. ನಮ್ಮ ಮನೆಯ ಪ್ಲಗ್‌ನಲ್ಲಿ 230 ವೋಲ್ಟ್. ಭಯಪಡಬೇಕಾಗಿಲ್ಲ.

ಶಾಕ್ ಎಲ್ಲಿಗೆ ಹೋಯಿತು ಅನ್ನುವುದರಲ್ಲಿ ಯಾವ ನರ ಅನ್ನುವ ಸುಳಿವಿದೆ. ಪಾದದ ಹೊರ ಅಂಚು, ಹಿಮ್ಮಡಿ ಅಂದರೆ ಸಾಮಾನ್ಯವಾಗಿ ಎಸ್1 ಎಂಬ ನರ (ಅಕ್ಷರ ಬೆನ್ನುಮೂಳೆಯ ಯಾವ ಭಾಗ ಅಂತ, ಅಂಕಿ ಅಲ್ಲಿ ಎಷ್ಟನೆಯ ನರ ಅಂತ ಹೇಳುತ್ತದೆ). ಪಾದದ ಮೇಲ್ಭಾಗ, ಕಾಲಿನ ಹೆಬ್ಬೆರಳು ಅಂದರೆ ಎಲ್5. ಕೈಯ ಹೆಬ್ಬೆರಳಾದರೆ ಕತ್ತಿನ ಸಿ6, ನಡುಬೆರಳಾದರೆ ಸಿ7. ಡಾಕ್ಟರ ಹತ್ತಿರ ಹೋಗುವಾಗ "ಕಾಲು ನೋವು" ಅನ್ನುವುದಕ್ಕಿಂತ ಯಾವ ಬೆರಳಿನವರೆಗೆ ಹೋಗುತ್ತದೆ ಅಂತ ಗಮನಿಸಿ ಹೇಳಿದರೆ ಅರ್ಧ ಕೆಲಸ ಮುಗಿದ ಹಾಗೆ.

ಬೆನ್ನಿನ ನಡುವೆ ಇಳಿದು ಎರಡೂ ಕಾಲಿಗೆ ಹೋಗುವ ಶಾಕ್ ಬೇರೆ ಜಾತಿಯದು. ಇಲ್ಲಿ ಕೆರಳಿರುವುದು ಒಂದು ನರದ ಬುಡವಲ್ಲ, ಕತ್ತಿನ ಭಾಗದ ಬೆನ್ನುಹುರಿಯೇ. ಗಲ್ಲವನ್ನು ಎದೆಗೆ ತಾಗಿಸಿದಾಗ ಇದು ಹೆಚ್ಚು, ಸೀನು ತಲೆಯನ್ನು ಮುಂದಕ್ಕೆ ಎಸೆದಾಗಲೂ ಬರಬಹುದು. ಮೊದಲ ಮಹಾಯುದ್ಧದಲ್ಲಿ ಪೆಟ್ಟು ತಿಂದ ಸೈನಿಕರಲ್ಲಿ ಫ್ರೆಂಚ್ ವೈದ್ಯರು ಇದನ್ನು 1917, 1918ರಲ್ಲೇ ಬರೆದಿಟ್ಟಿದ್ದರು. ಹೆಸರು ಮಾತ್ರ 1924ರಲ್ಲಿ ಇದರ ಬಗ್ಗೆ ಬರೆದ ಜೀನ್ ಲೆರ್ಮಿಟ್ ಅವರದ್ದಾಯಿತು. ಬೆನ್ನುಹುರಿಯ ಹಿಂಭಾಗದ ಎಳೆಗಳಿಗೆ ಮಯಲಿನ್ ಎಂಬ ಕೊಬ್ಬಿನ ಹೊದಿಕೆ ಇರುತ್ತದೆ. ಅದು ಸವೆದರೆ, ಕತ್ತು ಬಗ್ಗಿದಾಗ ಆಗುವ ಸಣ್ಣ ಎಳೆತಕ್ಕೂ ಎಳೆಗಳು ಮಿಡಿಯುತ್ತವೆ. ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ರೋಗದಲ್ಲಿ, ಕತ್ತಿನ ಸವೆತ ಬೆನ್ನುಹುರಿಯನ್ನು ಒತ್ತಿದಾಗ, ಕತ್ತಿಗೆ ರೇಡಿಯೇಷನ್ ಕೊಟ್ಟ ಕೆಲವು ತಿಂಗಳ ನಂತರ ಇದು ಕಾಣಿಸಬಹುದು.

ನಮ್ಮವರಿಗೆ ಮುಖ್ಯವಾದ ಇನ್ನೊಂದು ಕಾರಣ ಬಿ12 ಕೊರತೆ. ಮಯಲಿನ್ ಕೆಡದೆ ಉಳಿಯಲು ಬಿ12 ಬೇಕೇ ಬೇಕು. ದಿನಕ್ಕೆ ಬೇಕಾದದ್ದು 2ರಿಂದ 2.5 ಮೈಕ್ರೋಗ್ರಾಂ. ಸೊಪ್ಪು, ಕಾಳು, ಮುದ್ದೆ, ಅನ್ನ ಯಾವುದರಲ್ಲೂ ಅದು ಸಿಗದು. ಸಸ್ಯಾಹಾರಿಗಳಿಗೆ ಹಾಲು, ಮೊಸರೇ ಗತಿ. ಒಂದು ದೊಡ್ಡ ಲೋಟ ಹಾಲಿನಲ್ಲಿ ಸುಮಾರು 1 ಮೈಕ್ರೋಗ್ರಾಂ ಇರಬಹುದು. ಕಾಫಿಗೆ ಹಾಕುವ ಎರಡು ಚಮಚ ಹಾಲು ಲೆಕ್ಕಕ್ಕಿಲ್ಲ. ಸಕ್ಕರೆ ಕಾಯಿಲೆಗೆ ವರ್ಷಗಟ್ಟಲೆ ಮೆಟ್‌ಫಾರ್ಮಿನ್ ತಗೊಳ್ಳುವವರಲ್ಲಿ ಬಿ12 ಇನ್ನೂ ಇಳಿಯುತ್ತದೆ. ಇದು ರಕ್ತಪರೀಕ್ಷೆಯಲ್ಲಿ ಗೊತ್ತಾಗುವ, ಬೇಗ ಹಿಡಿದರೆ ಇಂಜೆಕ್ಷನ್ ಅಥವಾ ಮಾತ್ರೆಯಲ್ಲಿ ಸರಿಹೋಗುವ ತೊಂದರೆ. ಕೇಳಿ ಪರೀಕ್ಷೆ ಮಾಡಿಸಿಕೊಳ್ಳುವುದರಲ್ಲಿ ಸಂಕೋಚ ಬೇಡ.

ಕೆಮ್ಮಿದಾಗ ತಲೆಯ ಹಿಂಭಾಗ ಸಿಡಿದಂತಾದರೆ ಅದಕ್ಕೂ ಒಮ್ಮೊಮ್ಮೆ ಕತ್ತಿನ ಮೇಲ್ತುದಿಯಲ್ಲಿ ಕಾರಣವಿರುತ್ತದೆ. ಕಿಯಾರಿ ಎಂಬ ಹುಟ್ಟಿನ ದೋಷದಲ್ಲಿ ಕಿರುಮೆದುಳಿನ ತುದಿ ಕೆಳಗಿಳಿದು, ದ್ರವ ಹರಿಯುವ ದಾರಿಗೆ ಅಡ್ಡವಾಗಿರುತ್ತದೆ.

ಇಷ್ಟೆಲ್ಲ ಓದಿ ನಾಳೆಯೇ ಎಂ.ಆರ್.ಐ.ಗೆ ಓಡಬೇಡಿ. ನೋವೇ ಇಲ್ಲದವರ ಸ್ಕ್ಯಾನ್‌ಗಳನ್ನು ಒಟ್ಟುಗೂಡಿಸಿದ 2015ರ ಒಂದು ವಿಶ್ಲೇಷಣೆಯಲ್ಲಿ, 20ರ ಹರೆಯದವರಲ್ಲೂ ಶೇ. 30 ಮಂದಿಗೆ ಡಿಸ್ಕ್ ಉಬ್ಬಿತ್ತು. 80ರ ವಯಸ್ಸಿನವರಲ್ಲಿ ಶೇ. 84. ಚಿತ್ರದಲ್ಲಿ ಕಂಡದ್ದೆಲ್ಲ ರೋಗವಲ್ಲ. ನಿಮ್ಮ ಶಾಕ್ ಹೋಗುವ ದಾರಿಗೂ ಚಿತ್ರದಲ್ಲಿ ಒತ್ತಿರುವ ನರಕ್ಕೂ ತಾಳೆಯಾಗಬೇಕು. ಇನ್ನೊಂದು ಸಮಾಧಾನದ ಸಂಗತಿ: ಹೊರಚಾಚಿದ ತಿರುಳನ್ನು ದೇಹದ ರಕ್ಷಣಾ ಕೋಶಗಳು ಕ್ರಮೇಣ ತಿಂದು ಕರಗಿಸಬಲ್ಲವು. ಹೆಚ್ಚಿನವರ ಕಾಲಿನ ನೋವು ಆಪರೇಷನ್ ಇಲ್ಲದೆಯೇ ವಾರಗಳಲ್ಲಿ, ತಿಂಗಳುಗಳಲ್ಲಿ ಇಳಿಯುತ್ತದೆ.

ಕಾಯಬಾರದ ಸಂದರ್ಭಗಳೂ ಇವೆ. ಮೂತ್ರ ಕಟ್ಟಿದರೆ, ಮಲಮೂತ್ರದ ಮೇಲೆ ಹಿಡಿತ ತಪ್ಪಿದರೆ, ಕುಳಿತಾಗ ನೆಲಕ್ಕೆ ತಾಗುವ ಭಾಗ ಮರಗಟ್ಟಿದರೆ ಅದೇ ದಿನ, ರಾತ್ರಿಯಾದರೂ ಸರಿ, ಆಸ್ಪತ್ರೆಗೆ ಹೋಗಬೇಕು. ಪಾದ ಎತ್ತಲಾಗದೆ ಚಪ್ಪಲಿ ಜಾರುತ್ತಿದ್ದರೆ, ಅಂಗಿಯ ಗುಂಡಿ ಹಾಕಲು ಬೆರಳು ತೊಡರುತ್ತಿದ್ದರೆ, ನಡಿಗೆ ತೂರಾಡುತ್ತಿದ್ದರೆ, ಜ್ವರ ಅಥವಾ ತೂಕ ಇಳಿಕೆ ಜೊತೆಗಿದ್ದರೆ ಕೂಡಲೇ ತೋರಿಸಬೇಕು.

ಅಲ್ಲಿಯವರೆಗೆ ಸೀನನ್ನು ಏನು ಮಾಡುವುದು? ಮೂಗು ಬಾಯಿ ಎರಡನ್ನೂ ಬಿಗಿಹಿಡಿದು ತಡೆಯುವುದಂತೂ ಬೇಡ. ಬ್ರಿಟನ್ನಿನಲ್ಲಿ 34 ವರ್ಷದ ಒಬ್ಬರು ಹಾಗೆ ಮಾಡಿ ಗಂಟಲ ಹಿಂಭಾಗ ಹರಿದುಕೊಂಡ ವರದಿ 2018ರಲ್ಲಿ ಬಂದಿತ್ತು. ಸೀನು ಬರುತ್ತಿದೆ ಅನಿಸಿದಾಗ ಎದ್ದು ನಿಂತು, ಮಂಡಿಯನ್ನು ತುಸು ಸಡಿಲ ಬಿಟ್ಟು, ಒಂದು ಕೈಯನ್ನು ಮೇಜಿನ ಮೇಲೋ ಗೋಡೆಗೋ ಊರಿ, ಬೆನ್ನು ನೇರವಾಗಿಟ್ಟುಕೊಳ್ಳಿ. ಕುಳಿತಲ್ಲೇ ಇದ್ದರೆ ತೊಡೆಯ ಮೇಲೆ ಕೈ ಊರಿಕೊಂಡರೂ ಆಯಿತು. ಮುಂದಕ್ಕೆ ಬಗ್ಗುವುದನ್ನು ತಡೆದರೆ ಡಿಸ್ಕ್ ಮೇಲಿನ ಹೊರೆ ಅಷ್ಟರಮಟ್ಟಿಗೆ ಕಮ್ಮಿ. ಬಹಳ ದಿನದ ಕೆಮ್ಮಿದ್ದರೆ ಮೊದಲು ಆ ಕೆಮ್ಮಿಗೇ ಔಷಧ ಮಾಡಿಸಿ. ಮಲಬದ್ಧತೆಗೂ ಅಷ್ಟೇ, ಡೆಜರೀನ್ ಪಟ್ಟಿಯಲ್ಲಿ ಮೂರನೆಯದು ಅದೇ.