ಪದ ಪರಿಚಯ: ಪಿಚಿಂಗ್ ಪ್ರಾಸ್ಪೆಕ್ಟ್

ಬೆಳೆಯುವ ಸಿರಿ ಮೊಳಕೆಯಲ್ಲೇ ಕಾಣುತ್ತದೆ ಅಂತ ನಮ್ಮಲ್ಲಿ ಮಾತಿದೆ. ಅಮೆರಿಕದ ಬೇಸ್‌ಬಾಲಿನಲ್ಲಿ ಆ ಮೊಳಕೆಗೆ ಪ್ರಾಸ್ಪೆಕ್ಟ್ ಅಂತ ಹೆಸರು. ಅಲ್ಲಿನ ಅತಿ ದೊಡ್ಡ ಲೀಗ್ ಆದ ಮೇಜರ್ ಲೀಗಿಗೆ ಇನ್ನೂ ಕಾಲಿಡದ ಅಥವಾ ಈಗಷ್ಟೇ ಕಾಲಿಟ್ಟ, ಮುಂದೆ ದೊಡ್ಡ ಆಟಗಾರನಾಗಬಹುದು ಅನ್ನಿಸುವ ಹುಡುಗ. ಚಿನ್ನ ಸಿಗಬಹುದು ಅಂತ ನೆಲ ಕೆದಕಿ ನೋಡುವ ಕೆಲಸಕ್ಕೂ ಇಂಗ್ಲಿಷಿನಲ್ಲಿ ಇದೇ ಪದ. ‘ಸಿಗಬಹುದು’ ಅನ್ನುವುದೇ ಇಲ್ಲಿ ಮುಖ್ಯ.

ಪಿಚರ್ ಅಂದರೆ ಚೆಂಡು ಎಸೆಯುವವನು, ಕ್ರಿಕೆಟ್ಟಿನ ಬೌಲರ್ ಇದ್ದ ಹಾಗೆ. ಅಂಥ ಹುಡುಗನೇ ಪಿಚಿಂಗ್ ಪ್ರಾಸ್ಪೆಕ್ಟ್. ಮೇಜರ್ ಲೀಗಿನಲ್ಲಿ 50 ಇನ್ನಿಂಗ್ಸ್ (ಇಲ್ಲಿ ಒಂದು ಇನ್ನಿಂಗ್ಸ್ ಅಂದರೆ ಮೂವರನ್ನು ಔಟ್ ಮಾಡುವಷ್ಟು) ಎಸೆದ ಮೇಲೆ ಸಾಮಾನ್ಯವಾಗಿ ಅವನ ಹೆಸರು ಪ್ರಾಸ್ಪೆಕ್ಟ್ ಪಟ್ಟಿಯಿಂದ ಹೊರಗೆ ಹೋಗುತ್ತದೆ.

ಈ ಪದ ಜಾಸ್ತಿ ಕೇಳಿಸುವುದು ಫ್ಯಾಂಟಸಿ ಬೇಸ್‌ಬಾಲ್ ಆಡುವವರ ಬಾಯಲ್ಲಿ. ಐಪಿಎಲ್ ಸಮಯದಲ್ಲಿ ಮೊಬೈಲಿನಲ್ಲಿ ಹನ್ನೊಂದು ಜನರ ತಂಡ ಕಟ್ಟಿದವರಿಗೆ ಫ್ಯಾಂಟಸಿ ಆಟ ಗೊತ್ತೇ ಇದೆ. ಬೇಸ್‌ಬಾಲಿನಲ್ಲಿ ತಂಡವನ್ನು ಇಡೀ ಸೀಸನ್ ಸಾಕಬೇಕು. 1980ರಲ್ಲಿ ನ್ಯೂಯಾರ್ಕಿನಲ್ಲಿ ಡೇನಿಯಲ್ ಓಕ್ರೆಂಟ್ ಮತ್ತು ಗೆಳೆಯರು ಇದನ್ನು ಶುರು ಮಾಡಿದರು. ಅವರು ಊಟಕ್ಕೆ ಸೇರುತ್ತಿದ್ದ ಹೋಟೆಲಿನ ಹೆಸರೇ ಆಟಕ್ಕೂ ಅಂಟಿತು: ರೋಟಿಸರಿ. ಈಗ ಬಹಳಷ್ಟು ಲೀಗುಗಳಲ್ಲಿ ಪಿಚರ್‌ಗಳನ್ನು ಐದು ವಿಷಯದಲ್ಲಿ ಅಳೆಯುತ್ತಾರೆ. ಗೆಲುವು, ಕೊನೆಯಲ್ಲಿ ಬಂದು ತಂಡದ ಮುನ್ನಡೆ ಉಳಿಸುವ ಸೇವ್, ಮೂರು ಸ್ಟ್ರೈಕ್ ಆಗಿ ಬ್ಯಾಟರ್ ಔಟಾಗುವ ಸ್ಟ್ರೈಕ್‌ಔಟ್, ಫೀಲ್ಡರ್‌ಗಳ ತಪ್ಪಿನಿಂದ ಬಂದದ್ದು ಬಿಟ್ಟು ಒಂಬತ್ತು ಇನ್ನಿಂಗ್ಸ್‌ಗೆ ಸರಾಸರಿ ಎಷ್ಟು ರನ್ ಕೊಟ್ಟ ಅನ್ನುವ ಇಆರ್‌ಎ, ಒಂದು ಇನ್ನಿಂಗ್ಸ್‌ಗೆ ಎಷ್ಟು ಜನರನ್ನು ಹಿಟ್ ಅಥವಾ ವಾಕ್ (ನಾಲ್ಕು ಕೆಟ್ಟ ಎಸೆತಕ್ಕೆ ಬ್ಯಾಟರ್‌ಗೆ ಪುಕ್ಕಟೆ ಸಿಗುವ ಬೇಸ್) ಕೊಟ್ಟು ಬೇಸ್‌ಗೆ ಬಿಟ್ಟ ಅನ್ನುವ ವಿಪ್. ಕೆಲವು ಲೀಗುಗಳಲ್ಲಿ ಆಟಗಾರರನ್ನು ವರ್ಷದಿಂದ ವರ್ಷಕ್ಕೆ ಇಟ್ಟುಕೊಳ್ಳಬಹುದು. ಅಲ್ಲಿ ಹದಿಹರೆಯದ ಹುಡುಗರಿಗೂ ಬೆಲೆ ಬರುತ್ತದೆ.

ಆದರೆ ಗಾದೆ ಇಲ್ಲಿ ಅರ್ಧ ಮಾತ್ರ ನಿಜ. ಬ್ಯಾಟರ್‌ಗಳಿಗೆ ಅದು ಎಷ್ಟೋ ಮಟ್ಟಿಗೆ ಹೊಂದುತ್ತದೆ, ಪಿಚರ್‌ಗಳಿಗೆ ಹೊಂದುವುದು ಕಷ್ಟ. ಅದಕ್ಕೇ ಅಂಕಿಗಳನ್ನು ಹಿಡಿದು ಆಟವನ್ನು ಅಳೆಯುವ ಬೇಸ್‌ಬಾಲ್ ಪ್ರಾಸ್ಪೆಕ್ಟಸ್ ಬಳಗದವರು ಒಂದು ಮಾತನ್ನು ಚಲಾವಣೆಗೆ ತಂದರು: ಪಿಚಿಂಗ್ ಪ್ರಾಸ್ಪೆಕ್ಟ್ ಅನ್ನೋದೇ ಇಲ್ಲ. ಇಂಗ್ಲಿಷ್ ಮೊದಲಕ್ಷರಗಳನ್ನು ಸೇರಿಸಿ ಇದನ್ನು ಟಿನ್‌ಸ್ಟಾಪ್ ಅನ್ನುತ್ತಾರೆ. ಒಳ್ಳೆಯ ಎಳೆಯ ಪಿಚರ್‌ಗಳೇ ಇಲ್ಲ ಅಂತ ಇದರ ಅರ್ಥ ಅಲ್ಲ. ಪಿಚರ್ ಒಬ್ಬ ಮೆಟ್ಟಿಲು ಹತ್ತಿದ ಹಾಗೆ ವರ್ಷಕ್ಕೊಂದಿಷ್ಟು ಬೆಳೆದು ಮೇಲೆ ಬರುತ್ತಾನೆ ಅಂತ ಲೆಕ್ಕ ಹಾಕಬೇಡಿ ಅಂತ. ನಡುವೆ ತೋಳು ಕೈಕೊಡುತ್ತದೆ.

ತೋಳು ಅಂದೆ, ಸರಿಯಾಗಿ ಹೇಳಬೇಕು ಅಂದರೆ ಮೊಣಕೈ. ಅದರ ಒಳಮಗ್ಗುಲಲ್ಲಿ ತೋಳಿನ ಮೂಳೆಯನ್ನೂ ಮುಂಗೈ ಮೂಳೆಯನ್ನೂ ಬಿಗಿಹಿಡಿದಿರುವ ಒಂದು ಸಣ್ಣ ಪಟ್ಟಿ ಇದೆ. ಪಿಚರ್‌ನ ಕೈ ಪೂರಾ ಹಿಂದಕ್ಕೆ ವಾಲಿ ಮುಂದಕ್ಕೆ ಚಿಮ್ಮುವ ಗಳಿಗೆಯಲ್ಲಿ ಎಳೆತ ಬೀಳುವುದು ಅದರ ಮೇಲೆ. ಒಂದು ಪಂದ್ಯದಲ್ಲಿ ತೊಂಬತ್ತು ಸಲ ಹೀಗೆ ಎಳೆದರೆ ಏನಾಗಬೇಡ! ಆ ಪಟ್ಟಿ ಹರಿದರೆ ದೇಹದ ಬೇರೆ ಕಡೆಯಿಂದ ಸ್ನಾಯುರಜ್ಜು ತೆಗೆದು ಅಲ್ಲಿ ಕೂರಿಸುತ್ತಾರೆ. 1974ರಲ್ಲಿ ಡಾ. ಫ್ರಾಂಕ್ ಜೋಬ್ ಈ ಶಸ್ತ್ರಚಿಕಿತ್ಸೆಯನ್ನು ಮೊದಲು ಮಾಡಿದ್ದು ಟಾಮಿ ಜಾನ್ ಅನ್ನುವ ಪಿಚರ್‌ಗೆ. ಈಗ ಅದಕ್ಕೆ ಟಾಮಿ ಜಾನ್ ಅಂತಲೇ ಹೆಸರು. ಚೇತರಿಸಿಕೊಳ್ಳಲು ವರ್ಷ, ಒಂದೂವರೆ ವರ್ಷ ಬೇಕು.

ಸ್ಟೀಫನ್ ಸ್ಟ್ರಾಸ್‌ಬರ್ಗ್ ಅವರನ್ನೇ ನೋಡಿ. 2009ರ ಡ್ರಾಫ್ಟ್‌ನಲ್ಲಿ, ಅಂದರೆ ತಂಡಗಳು ಸರದಿಯಂತೆ ಹೊಸ ಹುಡುಗರನ್ನು ಆರಿಸುವಲ್ಲಿ, ಎಲ್ಲರಿಗಿಂತ ಮೊದಲು ಆಯ್ಕೆಯಾದವರು. 2010ರ ಜೂನ್ 8ರಂದು ವಾಷಿಂಗ್ಟನ್ ತಂಡಕ್ಕೆ ಮೊದಲ ಪಂದ್ಯ. ಏಳು ಇನ್ನಿಂಗ್ಸ್, 14 ಸ್ಟ್ರೈಕ್‌ಔಟ್, ಒಂದೂ ವಾಕ್ ಇಲ್ಲ. ಆ ರಾತ್ರಿ ಫ್ಯಾಂಟಸಿ ತಂಡದಲ್ಲಿ ಅವರನ್ನು ಇಟ್ಟುಕೊಂಡಿದ್ದವರ ಖುಷಿ ಊಹಿಸಿಕೊಳ್ಳಿ. 12ನೇ ಪಂದ್ಯದಲ್ಲಿ ಮೊಣಕೈ ಹೋಯಿತು. ಮುಂದೆ ಅವರು ಮೇಜರ್ ಲೀಗಿನ ಫೈನಲ್ ಆದ ವರ್ಲ್ಡ್ ಸೀರೀಸ್‌ನಲ್ಲಿ 2019ರ ಅತ್ಯುತ್ತಮ ಆಟಗಾರರಾದರು, ನಿಜ. ಆದರೆ ಅಷ್ಟು ವರ್ಷ ಯಾವ ಫ್ಯಾಂಟಸಿ ತಂಡ ಕಾಯುತ್ತದೆ? ನಮ್ಮಲ್ಲೂ ಇಂಥದ್ದನ್ನು ನೋಡಿದ್ದೇವೆ ಅಲ್ವಾ. 2024ರ ಏಪ್ರಿಲ್‌ನಲ್ಲಿ ಚಿನ್ನಸ್ವಾಮಿಯಲ್ಲಿ ಆರ್‌ಸಿಬಿ ವಿರುದ್ಧ ಮಯಾಂಕ್ ಯಾದವ್ 156.7 ಕಿ.ಮೀ. ವೇಗದಲ್ಲಿ ಎಸೆದರು. ಆ ಐಪಿಎಲ್‌ನಲ್ಲಿ ಗಾಯದಿಂದಾಗಿ ಅವರಿಗೆ ಸಿಕ್ಕಿದ್ದು ನಾಲ್ಕೇ ಪಂದ್ಯ.

ಹಾಗಾದರೆ ಏನು ನೋಡಿ ಆರಿಸಬೇಕು? ಎಲ್ಲರ ಕಣ್ಣು ಮೊದಲು ಹೋಗುವುದು ವೇಗದ ಮೇಲೆ. ನಾನು ಮೊದಲು ನೋಡುವುದು ಒಂದು ಸಣ್ಣ ಕಳೆಯುವ ಲೆಕ್ಕ. ನೂರು ಬ್ಯಾಟರ್‌ಗಳಲ್ಲಿ ಎಷ್ಟು ಜನರನ್ನು ಸ್ಟ್ರೈಕ್‌ಔಟ್ ಮಾಡಿದ, ಎಷ್ಟು ಜನರಿಗೆ ವಾಕ್ ಕೊಟ್ಟ. ಮೊದಲನೆಯದರಲ್ಲಿ ಎರಡನೆಯದನ್ನು ಕಳೆಯಿರಿ. 20 ದಾಟಿದರೆ ಆ ಹುಡುಗನ ಮೇಲೆ ಕಣ್ಣಿಡಬಹುದು. ಈ ಎರಡರಲ್ಲೂ ಫೀಲ್ಡರ್‌ಗಳ ಕೈವಾಡ ಇಲ್ಲ, ಅದೃಷ್ಟದ ಪಾಲೂ ಕಡಿಮೆ. ಇಆರ್‌ಎ ಹಾಗಲ್ಲ, ಹಿಂದೆ ನಿಂತವರು ಒಳ್ಳೆಯ ಫೀಲ್ಡರ್‌ಗಳಾದರೆ ಸಾಧಾರಣ ಪಿಚರ್‌ಗೂ ಚೆಂದ ಕಾಣುತ್ತದೆ.

ಇದೇ ಅಂಕಿಗಳು ಯಾವ ಮಟ್ಟದಲ್ಲಿ ಬಂದವು ಅನ್ನುವುದನ್ನೂ ಕೇಳಬೇಕು. ಮೇಜರ್ ಲೀಗಿಗೆ ಹುಡುಗರನ್ನು ತಯಾರು ಮಾಡುವ ಮೈನರ್ ಲೀಗಿನ ಕೆಳಗಿನ ಮೆಟ್ಟಿಲಲ್ಲಿ ಬರೀ ಜೋರಾಗಿ ಎಸೆದರೂ ಬ್ಯಾಟರ್‌ಗಳು ತಬ್ಬಿಬ್ಬಾಗುತ್ತಾರೆ. ಮೇಜರ್ ಲೀಗಿಗಿಂತ ಎರಡು ಮೆಟ್ಟಿಲು ಕೆಳಗಿನ ಡಬಲ್ ಎ ಅನ್ನುವ ಹಂತದಲ್ಲಿ ಹಾಗೆ ನಡೆಯುವುದಿಲ್ಲ. ಅಲ್ಲಿಯವರು ಕೆಟ್ಟ ಎಸೆತ ಬಿಡುತ್ತಾರೆ, ಒಳ್ಳೆಯದಕ್ಕೆ ಕಾಯುತ್ತಾರೆ. ಜೊತೆಗೆ ಹುಡುಗನ ಹತ್ತಿರ ಮೂರನೇ ಬಗೆಯ ಎಸೆತ ಇದೆಯಾ ನೋಡಿ. ವೇಗದ ಎಸೆತ ಮತ್ತು ಪಕ್ಕಕ್ಕೆ ಸರಿಯುವ ಸ್ಲೈಡರ್ ಎರಡೇ ಇದ್ದರೆ ಅದೇ ಬ್ಯಾಟರ್ ಮೂರನೇ ಸಲ ಎದುರಿಗೆ ಬಂದಾಗ ಮೋಸ ಹೋಗುವುದಿಲ್ಲ. ಅಂಥವರು ಎಷ್ಟೋ ಜನ ಕೊನೆಗೆ ಒಂದೊಂದು ಇನ್ನಿಂಗ್ಸ್ ಎಸೆಯುವ ರಿಲೀವರ್ ಆಗುತ್ತಾರೆ.

ಡ್ರಾಫ್ಟ್‌ನಲ್ಲಿ ಎಷ್ಟನೇ ಸುತ್ತಿನಲ್ಲಿ ಬಂದ ಅನ್ನುವುದಕ್ಕೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಜೇಕಬ್ ಡಿಗ್ರಾಮ್ ಮತ್ತು ತಾರಿಕ್ ಸ್ಕೂಬಲ್ ಇಬ್ಬರೂ ಒಂಬತ್ತನೇ ಸುತ್ತಿನವರು. ಇಬ್ಬರಿಗೂ ಎಳೆಯ ವಯಸ್ಸಿನಲ್ಲೇ ಟಾಮಿ ಜಾನ್ ಆಗಿತ್ತು. ಪಿಚರ್‌ಗಳ ಅತಿ ದೊಡ್ಡ ಗೌರವವಾದ ಸೈ ಯಂಗ್ ಪ್ರಶಸ್ತಿ ಇಬ್ಬರಿಗೂ ಎರಡೆರಡು ಸಲ ಬಂತು. ಡ್ರಾಫ್ಟ್ ದಿನ ಅವರ ಹೆಸರು ಎಷ್ಟು ಜನರಿಗೆ ಗೊತ್ತಿತ್ತು?

ಮೊಳಕೆಯಲ್ಲೇ ಕಂಡವರೂ ಇದ್ದಾರೆ. ಪಾಲ್ ಸ್ಕೀನ್ಸ್ 2023ರಲ್ಲಿ ಮೊದಲ ಆಯ್ಕೆಯಾಗಿ ಪಿಟ್ಸ್‌ಬರ್ಗ್ ಸೇರಿದರು. 2024ರ ಸೀಸನ್ ಶುರುವಿನಲ್ಲಿ ಮೈನರ್ ಲೀಗಿನ ಮೇಲಿನ ಹಂತವಾದ ಟ್ರಿಪಲ್ ಎಯಲ್ಲಿ 27 ಚಿಲ್ಲರೆ ಇನ್ನಿಂಗ್ಸ್‌ನಲ್ಲಿ 45 ಸ್ಟ್ರೈಕ್‌ಔಟ್, 8 ವಾಕ್. ಅಂದರೆ ಔಟಾದ 82 ಜನರಲ್ಲಿ ಅರ್ಧಕ್ಕಿಂತ ಜಾಸ್ತಿ ಮಂದಿ ಚೆಂಡನ್ನು ಆಟಕ್ಕೇ ತರಲಿಲ್ಲ. ಮೇ 11ಕ್ಕೆ ಮೇಲೆ ಕರೆದರು. ಸೀಸನ್ ಮುಗಿದಾಗ ಇಆರ್‌ಎ 1.96, ವರ್ಷದ ರೂಕಿ, ಅಂದರೆ ಹೊಸ ಆಟಗಾರ, ಪ್ರಶಸ್ತಿ ಅವರದೇ. ಆದರೂ ತಂಡ ಕೈ ಬಿಗಿಹಿಡಿದು 133 ಇನ್ನಿಂಗ್ಸ್ ಮಾತ್ರ ಎಸೆಸಿತು. ಎಳೆಯ ತೋಳನ್ನು ಹೀಗೆ ಅಳೆದು ಬಳಸುವುದು ಎಲ್ಲ ತಂಡಗಳ ರೂಢಿ. ಹುಡುಗ ಎಷ್ಟೇ ಚೆನ್ನಾಗಿದ್ದರೂ ಸೀಸನ್ ಮುಗಿಯುವ ಸೆಪ್ಟೆಂಬರಿನಲ್ಲಿ, ನಿಮಗೆ ಬಹಳ ಬೇಕಾದಾಗಲೇ, ಅವನನ್ನು ಕೂರಿಸಬಹುದು. ತಂಡ ಕಟ್ಟುವಾಗಲೇ ಅದನ್ನು ಎಣಿಸಿಕೊಳ್ಳಬೇಕು.

ನನ್ನ ರೂಢಿ ಹೀಗೆ. ತಂಡದ ಬೆನ್ನೆಲುಬು ಅನುಭವಿ ಪಿಚರ್‌ಗಳು. ಫ್ಯಾಂಟಸಿ ಆಯ್ಕೆಯ ಕೊನೆಯ ಸುತ್ತುಗಳಲ್ಲಿ ಒಬ್ಬ, ಹೆಚ್ಚೆಂದರೆ ಇಬ್ಬರು ಪ್ರಾಸ್ಪೆಕ್ಟ್. ಇಬ್ಬರು ಹುಡುಗರು ಸರಿಸಮ ಕಂಡರೆ ಜಾಸ್ತಿ ರನ್ ಹೊಡೆಯುವ ತಂಡದವನನ್ನು ತೆಗೆದುಕೊಳ್ಳುತ್ತೇನೆ, ಏಕೆಂದರೆ ಗೆಲುವು ಪಿಚರ್ ಒಬ್ಬನ ಕೈಯಲ್ಲಿಲ್ಲ. 2025ರಲ್ಲಿ ಸ್ಕೀನ್ಸ್ ಅವರ ಇಆರ್‌ಎ 1.97, ಸೈ ಯಂಗ್ ಪ್ರಶಸ್ತಿಗೆ ಮೊದಲ ಸ್ಥಾನದ ಮತಗಳೆಲ್ಲ ಅವರಿಗೇ ಬಿದ್ದವು. ಅವರ ಹೆಸರಿಗೆ ಸೇರಿದ ಗೆಲುವು 10, ಸೋಲೂ 10.