ಕ್ಯಾಂಪಸ್ ಆಯ್ಕೆಯಲ್ಲಿ ಅನ್ಯಾಯವಾದರೆ ಸತ್ಯಾಗ್ರಹದ ದಾರಿ ಹಿಡಿಯಬಹುದೇ?

ಪ್ರಶ್ನೆ: ಕಂಪನಿ ಬರುವ ಸುದ್ದಿ ನಮ್ಮ ಕಾಲೇಜಿನಲ್ಲಿ ಕೆಲವರಿಗಷ್ಟೇ ಮುಂಚೆ ಗೊತ್ತಾಗುತ್ತದೆ. ಶೇ 60 ಅಂಕ ಇಲ್ಲವೆಂದು ಕೆಲವರ ಹೆಸರು ಬಿಡುತ್ತಾರೆ, ಅಷ್ಟೇ ಅಂಕದ ಬೇರೆಯವರು ಪಟ್ಟಿಯಲ್ಲಿರುತ್ತಾರೆ. ಗಲಾಟೆ ಮಾಡಿದರೆ ಮುಂದೆ ಕಂಪನಿಗಳೇ ಬರುವುದಿಲ್ಲ ಎನ್ನುತ್ತಾರೆ. ಏನು ಮಾಡುವುದು? (ಅಂತಿಮ ವರ್ಷದ ವಿದ್ಯಾರ್ಥಿಗಳು, ಕಾರವಾರ)

ಉತ್ತರ: ಸತ್ಯಾಗ್ರಹ ಖಂಡಿತ ಮಾಡಬಹುದು. ಆದರೆ ಧರಣಿ ಕೂರುವುದು ಅದರ ಕೊನೆಯ ಹಂತ. 1917ರಲ್ಲಿ ಬಿಹಾರದ ಚಂಪಾರಣ್‌ಗೆ ಹೋದ ಗಾಂಧೀಜಿ ಮೊದಲು ಕೈಹಾಕಿದ್ದು ರೈತರ ಹೇಳಿಕೆ ಬರೆದುಕೊಳ್ಳುವ ಕೆಲಸಕ್ಕೆ. ಸಾವಿರಾರು ಹೇಳಿಕೆಗಳು, ಅವೂ ವಕೀಲರು ಕೆದಕಿ ಕೇಳಿ ಖಾತ್ರಿ ಮಾಡಿಕೊಂಡಂಥವು.

ನೀವೂ ಒಂದು ನೋಟ್‌ಬುಕ್ ಇಡಿ. ಕನಿಷ್ಠ ಮೂರು ಡ್ರೈವ್‌ಗಳ (ಕಂಪನಿ ಬಂದು ನಡೆಸುವ ಆಯ್ಕೆಗಳ) ಲೆಕ್ಕ ಅದರಲ್ಲಿರಲಿ: ಸೂಚನೆ ಬಂದ ದಿನ, ಗಂಟೆ, ಯಾವ ಗ್ರೂಪಿನಲ್ಲಿ ಬಂತು, ಹೇಳಿದ ಕಟ್‌ಆಫ್ (ಕನಿಷ್ಠ ಅಂಕ) ಎಷ್ಟು, ಹೆಸರು ಕೊಟ್ಟವರು ಎಷ್ಟು, ಪಟ್ಟಿಯಲ್ಲಿ ಉಳಿದವರು ಎಷ್ಟು. ಸ್ಕ್ರೀನ್‌ಶಾಟ್‌ನಲ್ಲಿ ಸಮಯ ಕಾಣಬೇಕು. ಹೇಳಿಕೆ ಕೊಟ್ಟವರು ಸಹಿ ಹಾಕಬೇಕು. ಹೆಚ್ಚಿನವರು ಎಡವುವುದು ಇಲ್ಲಿಯೇ. ಕೇಳಿದ ಮಾತನ್ನು ಕಂಡದ್ದೆಂದು ಬರೆದುಬಿಡುತ್ತಾರೆ. ಅಂಥದ್ದೊಂದು ಸುಳ್ಳೆಂದು ತೋರಿದರೆ ಉಳಿದ ಹತ್ತು ನಿಜವೂ ಬಿದ್ದುಹೋಗುತ್ತದೆ.

ಅಂಕದ ಜೊತೆ ದಾರಿಯ ಲೆಕ್ಕವನ್ನೂ ಬರೆಯಿರಿ. ನಾಳೆ ಬೆಳಿಗ್ಗೆ ಹುಬ್ಬಳ್ಳಿಯಲ್ಲಿ ಪೂಲ್ ಡ್ರೈವ್ (ಹಲವು ಕಾಲೇಜುಗಳಿಗೆ ಒಂದೇ ಕಡೆ ಆಯ್ಕೆ) ಎಂದು ರಾತ್ರಿ ತಿಳಿಸಿದರೆ ಜೋಯಿಡಾದ ಹಳ್ಳಿಯ ಹುಡುಗಿ ತಲುಪುವುದು ಹೇಗೆ? ಮಳೆಗಾಲದಲ್ಲಂತೂ ಘಟ್ಟದ, ಕರಾವಳಿಯ ದಾರಿಗಳನ್ನು ನಂಬುವಂತಿಲ್ಲ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದಾಗ ಹೆದ್ದಾರಿ ದಿನಗಟ್ಟಲೆ ಬಂದ್ ಆಗಿತ್ತು. ತಡವಾದ ಸೂಚನೆಯೂ ಒಬ್ಬರ ಹೆಸರು ಹೊಡೆದುಹಾಕಿದ ಹಾಗೆಯೇ.

ಆಮೇಲೆ ಬೇಡಿಕೆ. 1918ರ ಅಹಮದಾಬಾದ್ ಗಿರಣಿ ಮುಷ್ಕರದಲ್ಲಿ ಕಾರ್ಮಿಕರು ಶೇ 50 ಏರಿಕೆ ಕೇಳುತ್ತಿದ್ದರು, ಮಾಲೀಕರು ಶೇ 20ಕ್ಕೆ ನಿಂತಿದ್ದರು. ಗಾಂಧೀಜಿ ವಿಚಾರಿಸಿ ನೋಡಿ ಶೇ 35 ನ್ಯಾಯವೆಂದು ಗೊತ್ತುಮಾಡಿದರು. ನಿಮ್ಮ ಬೇಡಿಕೆಯೂ ಹಾಗೆ ಅಳತೆಯದ್ದಾಗಿರಲಿ. ನಮ್ಮ ಸಲಹೆ ಎರಡೇ: ಅರ್ಹತೆಯ ಬಗ್ಗೆ ಕಂಪನಿ ಬರೆದ ಇಮೇಲ್ ಇದ್ದ ಹಾಗೆಯೇ ನೋಟಿಸ್ ಬೋರ್ಡಿಗೆ ಬರಬೇಕು, ಡ್ರೈವ್‌ಗೆ 48 ಗಂಟೆ ಮೊದಲು ಎಲ್ಲರಿಗೂ ತಿಳಿಸಬೇಕು. ಮೊದಲನೆಯದು ಬಹಳ ಮುಖ್ಯ, ಏಕೆಂದರೆ ಶೇ 60ರ ಗೆರೆ ಎಷ್ಟೋ ಸಲ ಕಂಪನಿಯದೇ ಆಗಿರುತ್ತದೆ. ಅದು ತಿಳಿಯದೆ ಪ್ಲೇಸ್‌ಮೆಂಟ್ ಅಧಿಕಾರಿಯನ್ನು ದೂರಿದರೆ ಅನ್ಯಾಯ ನಿಮ್ಮ ಕಡೆಯಿಂದಲೇ ಆದಂತೆ.

ಇದನ್ನು ಪ್ರಾಂಶುಪಾಲರಿಗೆ ಹೆಸರು, ಸಹಿ ಹಾಕಿ ಕೊಟ್ಟು ಸ್ವೀಕೃತಿ ಪಡೆಯಿರಿ. ಹತ್ತು ದಿನ ಕಾಯಿರಿ. ಗಾಂಧೀಜಿಯೂ ಹಾಗೆಯೇ 1930ರ ಮಾರ್ಚ್ 2ರಂದು ವೈಸ್‌ರಾಯ್‌ಗೆ ಪತ್ರ ಬರೆದು 12ರಂದು ದಂಡಿಗೆ ಹೊರಟಿದ್ದರು. ಕಾಲೇಜು ಸರ್ಕಾರಿಯಾದರೆ ಮಾಹಿತಿ ಹಕ್ಕು ಅರ್ಜಿಯನ್ನೂ ಹಾಕಿ: 10 ರೂಪಾಯಿ ಶುಲ್ಕ, ಒಂದೇ ವಿಷಯ, 150 ಪದಗಳೊಳಗೆ. ಉತ್ತರಕ್ಕೆ 30 ದಿನದ ಗಡುವಿದೆ.

ಉತ್ತರವೇ ಬರದಿದ್ದರೆ ಅಸಹಕಾರ. ಆದರೆ ಕಂಪನಿ ಬಂದ ದಿನ ಗೇಟಿಗೆ ಅಡ್ಡ ಮಲಗಬೇಡಿ. ಪೆಟ್ಟು ಬೀಳುವುದು ಅಂದು ಪರೀಕ್ಷೆಗೆ ಕೂತ ಸಹಪಾಠಿಗೆ. ಸ್ವಾತಂತ್ರ್ಯ ಹೋರಾಟದ ಕರನಿರಾಕರಣೆಯಲ್ಲಿ ಅಂಕೋಲಾ, ಸಿದ್ದಾಪುರದ ರೈತರು ತಮ್ಮ ಜಮೀನನ್ನೇ ಪಣಕ್ಕಿಟ್ಟರು, ನೆರೆಯವನದನ್ನಲ್ಲ. ಪ್ಲೇಸ್‌ಮೆಂಟ್ ಸೆಲ್‌ನ ಓಡಾಟದ ಕೆಲಸ ನೋಡಿಕೊಳ್ಳುವ ವಿದ್ಯಾರ್ಥಿ ಸಂಚಾಲಕರು ಡ್ರೈವ್ ಇಲ್ಲದ ವಾರದಲ್ಲಿ ಒಟ್ಟಾಗಿ ಕೆಲಸ ಬಿಡಬಹುದು. ತರಗತಿ ಮುಗಿದ ಮೇಲೆ ಒಂದು ಗಂಟೆ ಕಚೇರಿಯ ಹೊರಗೆ ಮೌನವಾಗಿ ಕೂರಬಹುದು. ಆಯ್ಕೆಯಾದ ಗೆಳೆಯರನ್ನು ಗ್ರೂಪಿನಲ್ಲಿ ಹೀಯಾಳಿಸಬೇಡಿ, ಅವರ ಬೆಂಬಲ ನಿಮಗೆ ಬೇಕು.

ಆ ಬೆಂಬಲ ಕೆಲಸದ ರೂಪದಲ್ಲಿ ಬರಲಿ. ಒಂದು ಆಫರ್ ಸಿಕ್ಕವರು ಮುಂದಿನ ಡ್ರೈವ್‌ಗೆ ಹೆಸರು ಕೊಡುವುದಿಲ್ಲವೆಂದು ಬರೆದುಕೊಡಲಿ. ವಾರಕ್ಕೆರಡು ಸಂಜೆ ಉಳಿದವರಿಗೆ ಆಪ್ಟಿಟ್ಯೂಡ್ ಲೆಕ್ಕ ಹೇಳಿಕೊಡಲಿ. ಆಡಳಿತ ಒಪ್ಪಿದರೆ ಬರಹದಲ್ಲಿ ಪಡೆದು ಅಂದೇ ಧರಣಿ ನಿಲ್ಲಿಸಿ. ನೋಟ್‌ಬುಕ್ ಮಾತ್ರ ಜೂನಿಯರ್‌ಗಳ ಕೈಗೆ ಕೊಡಿ, ಮುಂದಿನ ಮೂರು ಡ್ರೈವ್‌ಗಳನ್ನು ಅವರು ಬರೆದಿಡಲಿ.