ಹುಟ್ಟು ಹಾಕುವ ಹುಮ್ಮಸ್ಸು ಇಳಿದರೆ ಮೊದಲು ವಿಶ್ರಾಂತಿಯ ಲೆಕ್ಕ ನೋಡಿ

ಐವತ್ತೈದು, ಅರುವತ್ತು ದಾಟಿದ ಮೇಲೆ ದೋಣಿಯ ಹುಟ್ಟನ್ನೋ ಜಿಮ್ಮಿನ ರೋವಿಂಗ್ ಮೆಷಿನ್ನಿನ ಹಿಡಿಯನ್ನೋ ಹಿಡಿದವರು ನನ್ನ ಫಿಸಿಯೊಥೆರಪಿ ಕ್ಲಿನಿಕ್ಕಿಗೆ ಎರಡು ದೂರು ತರುತ್ತಾರೆ. ಒಂದು, ಸೊಂಟ ನೋವು. ಇನ್ನೊಂದನ್ನು ಎದ್ದು ಹೊರಡುವಾಗ ಚಪ್ಪಲಿ ಮೆಟ್ಟುತ್ತಾ ಹೇಳುತ್ತಾರೆ: "ಮೊದಲಿನ ಹುಮ್ಮಸ್ಸು ಇಲ್ಲ ಡಾಕ್ಟ್ರೇ. ಬೆಳಿಗ್ಗೆ ಏಳಲಿಕ್ಕೇ ಮನಸ್ಸು ಬರುವುದಿಲ್ಲ." ಮನೆಯವರು ಇದನ್ನು ಉದಾಸೀನ ಅನ್ನುತ್ತಾರೆ. ಹೇಳುವವರೂ ಹಾಗೆಯೇ ನಂಬಿರುತ್ತಾರೆ. ನಾನು ನಂಬುವುದಿಲ್ಲ. ಈ ವಯಸ್ಸಿನಲ್ಲಿ ಹುಮ್ಮಸ್ಸು ಇಳಿದರೆ ಬಹುಪಾಲು ಅದು ದಣಿವು ಆರದ ಮೈಯ ಮಾತು. ಮನಸ್ಸನ್ನು ಬೈದು ಎಬ್ಬಿಸುವ ಬದಲು ಅಭ್ಯಾಸದ ಕ್ರಮವನ್ನು ಸರಿಪಡಿಸಿದರೆ ಅದು ತಾನಾಗಿ ಮರಳುವುದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ.

ಕಾಸರಗೋಡಿನಲ್ಲಿ ಹುಟ್ಟು ಹಾಕುವವರು ಹಲವು ಬಗೆ. ನೀಲೇಶ್ವರ, ಚೆರುವತ್ತೂರು ಕಡೆಯ ತೇಜಸ್ವಿನಿ ಹೊಳೆಯಲ್ಲಿ ದೋಣಿ ಓಟದ ತಂಡಗಳಿದ್ದು, ಅಲ್ಲಿ ಹಿಂದೆ ಆಡಿದವರು ವಯಸ್ಸಾದರೂ ಹುಟ್ಟು ಬಿಟ್ಟಿಲ್ಲ. ನಮ್ಮ ಕುಂಬಳೆ, ಮೊಗ್ರಾಲ್, ಶಿರಿಯ ಕಡೆ ಮನೆಯ ಹಿಂದೆಯೇ ಹೊಳೆ ಇದ್ದು, ಸಣ್ಣ ದೋಣಿ ಕಟ್ಟಿಟ್ಟುಕೊಂಡವರಿದ್ದಾರೆ. ಪೇಟೆಯಲ್ಲಿ ನಿವೃತ್ತರಾದವರಿಗೂ ಗಲ್ಫಿನಿಂದ ಮರಳಿದವರಿಗೂ ಜಿಮ್ಮಿನ ಮೂಲೆಯ ಮೆಷಿನ್ನೇ ಹೊಳೆ. ದೋಣಿ ಓಟದವರು ಮುಂದೆ ನೋಡಿ ಒಂದೇ ಮಗ್ಗುಲಿಗೆ ಹುಟ್ಟು ಹಾಕುವುದರಿಂದ ಅವರ ಭಾರವೆಲ್ಲ ಭುಜಕ್ಕೂ ಸೊಂಟದ ತಿರುವಿಗೂ ಬೀಳುತ್ತದೆ. ಅವರು ಅಭ್ಯಾಸದ ನಡುವೆ ಮಗ್ಗುಲು ಬದಲಿಸುವುದು ಒಳ್ಳೆಯದು. ಮೆಷಿನ್ನಿನಲ್ಲಿ ಹೆಚ್ಚು ಕೆಲಸ ಕಾಲಿನದ್ದು.

ಬದಿಯಡ್ಕ ಕಡೆಯ ಒಬ್ಬ ನಿವೃತ್ತ ಮಾಷ್ಟ್ರು ಬಂದಿದ್ದರು. ವಯಸ್ಸು ಅರುವತ್ತಮೂರು.

"ಮಾಷ್ಟ್ರೇ, ವಾರಕ್ಕೆ ಎಷ್ಟು ದಿನ ಮೆಷಿನ್ನಿನಲ್ಲಿ ಕೂತುಕೊಳ್ಳುತ್ತೀರಿ?"

"ಆರು ದಿನ. ಆದಿತ್ಯವಾರ ಮಾತ್ರ ಇಲ್ಲ."

"ಎಷ್ಟು ಜೋರು?"

"ಬೆವರು ಇಳಿಯಬೇಕಲ್ಲ? ದಿನಾ ಅರ್ಧ ಗಂಟೆ, ಏದುಸಿರು ಬರುವಷ್ಟು."

ತೊಂದರೆ ಇಲ್ಲಿತ್ತು. ದಿನಾ ಅರೆ ಜೋರು. ಮೈ ನಿಜವಾಗಿ ಹುರುಪುಗೊಳ್ಳುವಷ್ಟು ಜೋರೂ ಅಲ್ಲ, ದಣಿವು ಆರುವಷ್ಟು ನಿಧಾನವೂ ಅಲ್ಲ. ಇಪ್ಪತ್ತೈದರ ಮೈ ಇದನ್ನು ಹೇಗೋ ತಾಳಿಕೊಳ್ಳುತ್ತದೆ. ಅರುವತ್ತರ ನಂತರ ಸ್ನಾಯು ತನ್ನನ್ನು ತಾನು ದುರಸ್ತಿ ಮಾಡಿಕೊಳ್ಳಲು ಹೆಚ್ಚು ಹೊತ್ತು ಬೇಕು. ಸೋಮವಾರದ ದಣಿವು ಮಂಗಳವಾರಕ್ಕೆ, ಅದು ಬುಧವಾರಕ್ಕೆ ಹೋಗಿ ಸೇರುತ್ತದೆ. ಮೂರನೆಯ ತಿಂಗಳಿಗೆ ಮನಸ್ಸು ಮೆಷಿನ್ನಿನ ಹೆಸರೆತ್ತಿದರೆ ಮುಖ ತಿರುಗಿಸುತ್ತದೆ.

ಅವರಿಗೆ ಹಾಕಿಕೊಟ್ಟ ಕ್ರಮ ಇದು. ವಾರಕ್ಕೆ ನಾಲ್ಕು ದಿನ ಸಾಕು. ಅದರಲ್ಲಿ ಮೂರು ದಿನ ನಿಧಾನ: ಪಕ್ಕದಲ್ಲಿದ್ದವರ ಜತೆ ಪೂರ್ತಿ ವಾಕ್ಯದಲ್ಲಿ ಮಾತಾಡಲು ಆಗಬೇಕು, ನಿಮಿಷಕ್ಕೆ ಹದಿನೆಂಟು ಇಪ್ಪತ್ತು ಎಳೆತ, ಮೂವತ್ತು ನಲವತ್ತು ನಿಮಿಷ. ಒಂದು ದಿನ ಜೋರು: ಹತ್ತು ನಿಮಿಷ ಮೈ ಬಿಸಿ ಮಾಡಿ, ಒಂದು ನಿಮಿಷ ಜೋರು, ಎರಡು ನಿಮಿಷ ನಿಧಾನ, ಹೀಗೆ ಆರು ಸುತ್ತು. ಜೋರಿನ ದಿನದ ಹಿಂದೆ ಮುಂದೆ ಒಂದೊಂದು ದಿನ ಬಿಡುವು ಅಥವಾ ಬರೀ ನಡಿಗೆ. ಮಾಷ್ಟ್ರಿಗೆ ಸಮಾಧಾನವಾಗಲಿಲ್ಲ, "ಇಷ್ಟು ನಿಧಾನ ಮಾಡಿದರೆ ಏನು ಪ್ರಯೋಜನ?" ಎಂದರು. ಹೃದಯದ ಒಂದೊಂದು ಬಡಿತ ಹೆಚ್ಚು ರಕ್ತ ದೂಡುವಂತಾಗುವುದು, ಸ್ನಾಯುವಿನೊಳಗೆ ಸಣ್ಣ ರಕ್ತನಾಳಗಳು ಹೆಚ್ಚುವುದು ಮುಖ್ಯವಾಗಿ ಈ ನಿಧಾನದ ಹೊತ್ತಿನಲ್ಲೇ. ದೊಡ್ಡ ಸ್ಪರ್ಧಿಗಳೂ ತಮ್ಮ ಅಭ್ಯಾಸದ ಬಹುಭಾಗವನ್ನು ನಿಧಾನವಾಗಿಯೇ ಮಾಡುತ್ತಾರೆ.

ಇದಕ್ಕೆ ಒಂದು ಗಟ್ಟಿ ಸಾಕ್ಷಿ ಐರ್ಲೆಂಡಿನ ರಿಚರ್ಡ್ ಮಾರ್ಗನ್. ಬೇಕರಿಯಲ್ಲಿ ದುಡಿದವರು, ಆಮೇಲೆ ಬ್ಯಾಟರಿ ತಯಾರಿಸುವ ಕೆಲಸ ಮಾಡಿದವರು. ಹೇಳಿಕೊಳ್ಳುವಂಥ ವ್ಯಾಯಾಮದ ಹಿನ್ನೆಲೆ ಇರಲಿಲ್ಲ. ಎಪ್ಪತ್ತು ದಾಟಿದ ಮೇಲೆ ರೋವಿಂಗ್ ಮೆಷಿನ್ ಹತ್ತಿ, ತಮ್ಮ ವಯೋಮಾನದ ಒಳಾಂಗಣ ರೋವಿಂಗಿನಲ್ಲಿ ನಾಲ್ಕು ಸಲ ವಿಶ್ವ ಚಾಂಪಿಯನ್ ಆದರು. ಅವರ ತೊಂಬತ್ತೆರಡನೆಯ ವಯಸ್ಸಿನಲ್ಲಿ ಸಂಶೋಧಕರು ಅವರನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿ, 2023ರಲ್ಲಿ ವರದಿ ಪ್ರಕಟಿಸಿದರು. 2000 ಮೀಟರ್ ಎಳೆದಾಗ ಅವರ ಹೃದಯ ಬಡಿತ ನಿಮಿಷಕ್ಕೆ 153ಕ್ಕೆ ಏರಿತ್ತು. 220ರಿಂದ ವಯಸ್ಸನ್ನು ಕಳೆಯುವ ನಮ್ಮ ಗೋಡೆಪಟದ ಸೂತ್ರದ ಪ್ರಕಾರ ಅದು 128 ದಾಟಬಾರದಿತ್ತು. ದೇಹದಲ್ಲಿ ಕೊಬ್ಬು ಶೇಕಡಾ 15ರಷ್ಟು ಮಾತ್ರ. ಅವರ ದಿನಚರಿಯೋ, ದಿನಕ್ಕೆ ನಲವತ್ತು ನಿಮಿಷದ ಆಸುಪಾಸು, ವಾರಕ್ಕೆ ಸುಮಾರು 30 ಕಿಲೋಮೀಟರು. ಅದರಲ್ಲಿ ಶೇಕಡಾ 70 ಸಲೀಸು, 20 ಕಷ್ಟ, 10 ಮಾತ್ರ ಪೂರ್ತಿ ಜೋರು. ಜತೆಗೆ ವಾರಕ್ಕೆ ಎರಡು ಮೂರು ದಿನ ತೂಕ ಎತ್ತುವುದು. ತೊಂಬತ್ತೆರಡರ ಆ ಮೈಯನ್ನು ಕಾದದ್ದು ಆ ಶೇಕಡಾ ಎಪ್ಪತ್ತರ ಸಲೀಸು ಎಂದೇ ನಾನು ತಿಳಿಯುತ್ತೇನೆ. ಅವರು ದಿನಾ ಕೂತುಕೊಳ್ಳುತ್ತಿದ್ದರಲ್ಲ ಎಂದು ಕೇಳುವವರಿಗೆ, ಆ ಅಭ್ಯಾಸ ಇಪ್ಪತ್ತು ವರ್ಷದಲ್ಲಿ ಕೂಡಿಬಂದದ್ದು ಎಂಬುದನ್ನೂ ಹೇಳುತ್ತೇನೆ.

ಹುಮ್ಮಸ್ಸು ಕೆಡಿಸುವ ಇನ್ನೊಂದು ಸಂಗತಿ ಮೆಷಿನ್ನಿನ ಪರದೆಯಲ್ಲಿದೆ. 500 ಮೀಟರಿಗೆ ಎಷ್ಟು ಹೊತ್ತು ಎಂದು ಅದು ತೋರಿಸುತ್ತಿರುತ್ತದೆ. ಮೊದಲ ಎರಡು ತಿಂಗಳು ಆ ಅಂಕೆ ಚುರುಕಾಗಿ ಇಳಿಯುತ್ತದೆ, ಆಮೇಲೆ ಕದಲುವುದಿಲ್ಲ. ಕಾರಣ ಲೆಕ್ಕದಲ್ಲಿಯೇ ಇದೆ: ವೇಗ ಸ್ವಲ್ಪ ಹೆಚ್ಚಲು ಶಕ್ತಿ ಅದರ ಮೂರರ ಘಾತದಷ್ಟು ಹೆಚ್ಚಬೇಕು. 500 ಮೀಟರಿಗೆ 2 ನಿಮಿಷ 30 ಸೆಕೆಂಡು ಎಳೆಯುವವರು ಸುಮಾರು 104 ವಾಟ್ ಶಕ್ತಿ ಹಾಕುತ್ತಿರುತ್ತಾರೆ. ಅದನ್ನು 2 ನಿಮಿಷ 25 ಸೆಕೆಂಡಿಗೆ ತರಲು 115 ವಾಟ್ ಬೇಕು. ಬರೀ ಐದು ಸೆಕೆಂಡಿಗೆ ಶೇಕಡಾ ಹತ್ತಕ್ಕಿಂತ ಹೆಚ್ಚು ಬಲ! ಹಾಗಾಗಿ ಪರದೆಯನ್ನು ವಾಟ್‌ಗೆ ಬದಲಿಸಿ ನೋಡಿ ಎನ್ನುತ್ತೇನೆ. ನಾಲ್ಕು ವಾಟ್ ಹೆಚ್ಚಿದ್ದು ಅಲ್ಲಿ ಕಾಣುತ್ತದೆ, ಸೆಕೆಂಡಿನಲ್ಲಿ ಎದ್ದು ಕಾಣುವುದಿಲ್ಲ. ಹೊಳೆಯಲ್ಲಿ ಹುಟ್ಟು ಹಾಕುವವರು ದೂರದ ಲೆಕ್ಕವನ್ನೇ ಬಿಡುವುದು ಲೇಸು. ಚಂದ್ರಗಿರಿಯಲ್ಲಿ ಭರತದ ನೀರು ಒಳಗೆ ನುಗ್ಗುವಾಗ ಮೇಲಕ್ಕೆ ಹೋದರೆ ಒಂದು ಲೆಕ್ಕ, ಇಳಿತದಲ್ಲಿ ಹೋದರೆ ಇನ್ನೊಂದು. ಭರತದ ಹೊತ್ತೂ ದಿನಕ್ಕೆ ಸುಮಾರು ಐವತ್ತು ನಿಮಿಷ ಮುಂದೆ ಹೋಗುತ್ತಿರುತ್ತದೆ. ಅಲ್ಲಿ ನಿಮಿಷವೇ ಅಳತೆಯಾಗಬೇಕು.

ಯಾರೊಂದಿಗೆ ಹೋಲಿಸಿಕೊಳ್ಳಬೇಕು ಎಂಬುದೂ ಇದೆ. ಮೂವತ್ತರ ಹುಡುಗನ ಪಕ್ಕದ ಮೆಷಿನ್ನಿನಲ್ಲಿ ಕೂತು ಅವನ ಅಂಕೆ ನೋಡಬೇಡಿ. ವ್ಯಾಯಾಮ ಮಾಡದವರಲ್ಲಿ ಮೈ ಆಮ್ಲಜನಕ ಬಳಸುವ ಸಾಮರ್ಥ್ಯ ಮೂವತ್ತರ ನಂತರ ಹತ್ತು ವರ್ಷಕ್ಕೆ ಸುಮಾರು ಶೇಕಡಾ ಹತ್ತರಂತೆ ಕುಗ್ಗುತ್ತದೆ. ನಿಲ್ಲಿಸದೆ ಅಭ್ಯಾಸ ಮಾಡುವವರಲ್ಲಿ ಆ ಕುಗ್ಗುವಿಕೆ ನಿಧಾನ, ಆದರೆ ನಿಲ್ಲುವುದಿಲ್ಲ. ವಿಶ್ವ ರೋವಿಂಗ್ ಸಂಸ್ಥೆ ಇದನ್ನರಿತೇ ಹಿರಿಯರ ಸ್ಪರ್ಧೆಗೆ ವಯಸ್ಸಿನ ಗುಂಪು ಮಾಡಿದೆ. 27 ವರ್ಷಕ್ಕೆ ಎ ಗುಂಪು ಶುರುವಾಗಿ, 50ಕ್ಕೆ ಡಿ, 60ಕ್ಕೆ ಎಫ್, 70ಕ್ಕೆ ಎಚ್, 80ಕ್ಕೆ ಜೆ, ಅದರಾಚೆಗೂ ಉಂಟು. ಓಟವೂ ಒಲಿಂಪಿಕ್ಸಿನ 2000 ಮೀಟರಲ್ಲ, 1000 ಮೀಟರು. ಹೊಸ ಗುಂಪಿಗೆ ಕಾಲಿಡುವ ವರ್ಷವನ್ನು ಆ ಹಿರಿಯರು ಕಾದು ಕೂತಿರುತ್ತಾರೆ, ಯಾಕೆಂದರೆ ಆ ಗುಂಪಿನಲ್ಲಿ ಆಗ ಅವರೇ ಎಳೆಯರು.

ಇನ್ನು ಸೊಂಟ. ರೋವಿಂಗಿನಲ್ಲಿ ಹೆಚ್ಚು ಪೆಟ್ಟು ತಿನ್ನುವ ಜಾಗ ಇದೇ. ಕ್ಲಿನಿಕ್ಕಿನಲ್ಲಿ ನಾನು ಒಂದು ನೇರವಾದ ಬಿದಿರಿನ ಕೋಲು ಇಟ್ಟುಕೊಂಡಿದ್ದೇನೆ. ಮೆಷಿನ್ನಿನಲ್ಲಿ ಕೂರಿಸಿ, ಕೋಲನ್ನು ಬೆನ್ನಿಗುದ್ದಕ್ಕೆ ಹಿಡಿಯುತ್ತೇನೆ: ತಲೆಯ ಹಿಂಭಾಗ, ಭುಜದ ನಡುವೆ, ಬಾಲಮೂಳೆಯ ಮೇಲೆ, ಮೂರೂ ಕಡೆ ತಾಗಿರಬೇಕು. ಈಗ ನಿಧಾನಕ್ಕೆ ಮುಂದಕ್ಕೆ ಬಾಗಿ ಎನ್ನುತ್ತೇನೆ. ಕೈ ಇನ್ನೂ ಮೊಣಕಾಲಿನ ಹತ್ತಿರ ಬಂದಿರುವುದಿಲ್ಲ, ಕೋಲಿನ ಕೆಳತುದಿ ಬಾಲಮೂಳೆಯನ್ನು ಬಿಟ್ಟು ಈಚೆ ಬಂದಿರುತ್ತದೆ. ಅಂದರೆ ಅವರು ಬಾಗುತ್ತಿರುವುದು ತೊಡೆಸಂದಿಯಿಂದಲ್ಲ, ಸೊಂಟವನ್ನೇ ಕಮಾನು ಮಾಡಿ. ಕೋಲು ಕದಲದಂತೆ ಬಾಗಲು ಕಲಿಯುವುದಕ್ಕೆ ಎರಡು ವಾರ ಬೇಕಾಗುತ್ತದೆ, ಅಷ್ಟು ದಿನ ದೂರ, ವೇಗ ಎರಡನ್ನೂ ಮರೆಯಬೇಕು. ಆಮೇಲೆ ಎಳೆತದ ಕ್ರಮ: ಮೊದಲು ಕಾಲು ಒತ್ತುವುದು, ಬಳಿಕ ಮೈ ಹಿಂದಕ್ಕೆ, ಕೊನೆಗೆ ಕೈ. ಮರಳುವಾಗ ಅದೇ ತಿರುಗಾ ಮುರುಗಾ: ಕೈ, ಮೈ, ಕಾಲು. ಬಾವಿಯಿಂದ ತುಂಬಿದ ಕೊಡಪಾನ ಸೇದುವವರು ಬರೀ ತೋಳಿನಿಂದ ಎಳೆದರೆ ನಾಲ್ಕು ಕೊಡಕ್ಕೆ ಸೋಲುತ್ತಾರೆ, ಕಾಲೂರಿ ಮೈಭಾರ ಕೊಟ್ಟವರು ತೊಟ್ಟಿ ತುಂಬಿಸುತ್ತಾರೆ, ಇಲ್ಲಿಯೂ ಹಾಗೆಯೇ. ಗಾಳಿಚಕ್ರದ ಮೆಷಿನ್ನಿನ ಪಕ್ಕದಲ್ಲಿ ಎಳೆತ ಭಾರವೆನಿಸುವಂತೆ ಮಾಡುವ, ಒಂದರಿಂದ ಹತ್ತರವರೆಗೆ ಅಂಕೆ ಇರುವ ಸನ್ನೆಯನ್ನು ಹತ್ತಕ್ಕೆ ಇಟ್ಟವರೇ ಹೆಚ್ಚಾಗಿ ಸೊಂಟ ಹಿಡಿದುಕೊಂಡು ಬರುವುದು. ಹಿರಿಯರಿಗೆ ಮೂರು, ನಾಲ್ಕು ಧಾರಾಳ.

ಎದ್ದ ಕೂಡಲೇ ಕೂತುಕೊಳ್ಳಬೇಡಿ ಎಂಬುದನ್ನು ಒತ್ತಿ ಹೇಳಬೇಕು. ರಾತ್ರಿ ಮಲಗಿದಾಗ ಬೆನ್ನೆಲುಬಿನ ನಡುವಣ ಡಿಸ್ಕುಗಳು ನೀರು ಹೀರಿಕೊಂಡು ಉಬ್ಬುತ್ತವೆ. ಬೆಳಿಗ್ಗೆ ನಮ್ಮ ಎತ್ತರ ಒಂದು ಸೆಂಟಿಮೀಟರಿನಷ್ಟು ಹೆಚ್ಚಿರುವುದು ಇದರಿಂದಲೇ. ಆ ಉಬ್ಬು ಇಳಿಯುವ ಮೊದಲು ಬಗ್ಗಿದರೆ ಡಿಸ್ಕಿನ ಮೇಲೆ ಒತ್ತಡ ಜಾಸ್ತಿ. ಆರಕ್ಕೆ ದೋಣಿ ಇಳಿಸುವವರು ಐದಕ್ಕೆ ಏಳಲಿ, ತೋಟಕ್ಕೆ ಒಂದು ಸುತ್ತು ನಡೆದು ಬರಲಿ.

ತೂಕ ಎತ್ತುವುದನ್ನು ನಮ್ಮವರು ಹುಡುಗರ ಆಟವೆಂದು ಬಿಡುತ್ತಾರೆ. ಐವತ್ತರ ಮೇಲೆ ಸ್ನಾಯು ಕರಗುತ್ತಾ ಬರುತ್ತದೆ, ಅದರಲ್ಲೂ ಥಟ್ಟನೆ ಬಲ ಕೊಡುವ ಎಳೆಗಳು ಮೊದಲು ಸೊರಗುತ್ತವೆ. ಹುಟ್ಟು ಹಾಕುವುದೊಂದೇ ಅದನ್ನು ತಡೆಯಲಾರದು. ವಾರಕ್ಕೆ ಎರಡು ದಿನ ಕುರ್ಚಿಯಿಂದ ಎದ್ದು ಕೂರುವುದು, ಅಕ್ಕಿಚೀಲದಂಥ ಭಾರವನ್ನು ನೆಲದಿಂದ ಸರಿಯಾಗಿ ಎತ್ತುವುದು, ಗೋಡೆಗೆ ಕೈಯೂರಿ ದೂಡುವುದು, ಇಷ್ಟರಿಂದಲೇ ಶುರುಮಾಡಬಹುದು. ಊಟದಲ್ಲಿ ಪ್ರೋಟೀನು ದೇಹತೂಕದ ಕಿಲೋಗೆ ದಿನಕ್ಕೆ 1ರಿಂದ 1.2 ಗ್ರಾಂ ಬೇಕು, 60 ಕಿಲೋ ಇದ್ದವರಿಗೆ 60ರಿಂದ 72 ಗ್ರಾಂ. ಕುಚ್ಚಲಕ್ಕಿ ಗಂಜಿ, ಉಪ್ಪಿನಕಾಯಿಯಲ್ಲಿ ಅದು ಹುಟ್ಟುವುದಿಲ್ಲ. ಮೀನು ತಿನ್ನುವವರಿಗೆ ಬೂತಾಯಿ, ಬಂಗುಡೆ ಇವೆ. ತಿನ್ನದವರು ಗಂಜಿಯ ಜತೆ ಹೆಸರು, ಹುರುಳಿ, ಕಡಲೆ, ಮೊಸರು ದಿನಾ ಹಾಕಿಕೊಳ್ಳಬೇಕು.

ಬಿ.ಪಿ.ಗೆ ಬೀಟಾ ಬ್ಲಾಕರ್ ಗುಳಿಗೆ ತೆಗೆದುಕೊಳ್ಳುವವರು ವಾಚಿನ ಹೃದಯ ಬಡಿತ ನಂಬಬೇಡಿ, ಆ ಔಷಧಿ ಬಡಿತವನ್ನು ತಡೆದು ಹಿಡಿಯುತ್ತದೆ. ಮಾತಾಡಿ ನೋಡುವ ಪರೀಕ್ಷೆಯೇ ಅವರಿಗೆ ಸರಿ. ಎಳೆಯುವಾಗ ಉಸಿರು ಬಿಗಿಹಿಡಿದರೆ ಬಿ.ಪಿ. ಒಮ್ಮೆಲೇ ಏರುತ್ತದೆ, ಕಾಲು ಒತ್ತುವಾಗ ಉಸಿರು ಬಿಡಿ. ಸಕ್ಕರೆ ಕಾಯಿಲೆ ಇದ್ದರೆ ಹುಟ್ಟು ಬಿಡಬೇಕಿಲ್ಲ. ಬ್ರಿಟನ್ನಿನ ರೋವಿಂಗ್ ಪಟು ಸ್ಟೀವ್ ರೆಡ್‌ಗ್ರೇವ್‌ಗೆ 1997ರಲ್ಲಿ ಮಧುಮೇಹ ಪತ್ತೆಯಾಯಿತು, 2000ದ ಸಿಡ್ನಿ ಒಲಿಂಪಿಕ್ಸಿನಲ್ಲಿ ಮೂವತ್ತೆಂಟರ ವಯಸ್ಸಿನಲ್ಲಿ ಐದನೆಯ ಚಿನ್ನ ಗೆದ್ದರು. ಇನ್ಸುಲಿನ್ ಚುಚ್ಚಿಕೊಳ್ಳುವವರು ಕಿಸೆಯಲ್ಲಿ ಬೆಲ್ಲವೋ ಗ್ಲೂಕೋಸೋ ಇಟ್ಟುಕೊಳ್ಳಿ, ಹೊಳೆಗೆ ಒಬ್ಬರೇ ಇಳಿಯಬೇಡಿ. ಎದೆ ಬಿಗಿದರೆ, ತಲೆ ತಿರುಗಿದರೆ ಅಲ್ಲಿಗೇ ನಿಲ್ಲಿಸಿ, ಅದೇ ದಿನ ಡಾಕ್ಟರನ್ನು ಕಾಣಿ. ಪಕ್ಕೆಯಲ್ಲಿ ಒಂದೇ ಜಾಗದಲ್ಲಿ ನೋವಿದ್ದು, ಕೆಮ್ಮುವಾಗಲೂ ಹಾಸಿಗೆಯಲ್ಲಿ ಮಗ್ಗುಲು ಬದಲಿಸುವಾಗಲೂ ಚುಚ್ಚಿದರೆ ಪಕ್ಕೆಲುಬು ಸಣ್ಣಗೆ ಬಿರುಕು ಬಿಟ್ಟಿರಬಹುದು. ಮುಟ್ಟು ನಿಂತ ಮಹಿಳೆಯರು ಈ ನೋವನ್ನು ಉಳುಕೆಂದು ತಳ್ಳಿಹಾಕಬಾರದು.

ನಮ್ಮೂರಲ್ಲಿ ನಿದ್ದೆಗೆ ಒಂದು ಹಂಗಾಮು ಉಂಟು. ನವೆಂಬರಿನಿಂದ ಮೇ ತನಕ ಬಯಲಾಟ, ಕೋಲ, ಜಾತ್ರೆ. ಬೆಳಗಿನವರೆಗೆ ಆಟ ನೋಡಿ ಬಂದು, ನೇರ ಮೆಷಿನ್ನಿಗೆ ಕೂತವರನ್ನು ನಾನು ಕಂಡಿದ್ದೇನೆ, ನೇಮ ತಪ್ಪಬಾರದೆಂಬ ಛಲ. ಆಟ ನೋಡಿ, ಖಂಡಿತ ನೋಡಿ. ಮಾರನೆಯ ದಿನ ನಿದ್ದೆ ಮಾಡಿ, ಅದರ ಮಾರನೆಯ ದಿನ ನಿಧಾನದ ಹುಟ್ಟು. ಹಾಸಿಗೆಯಿಂದ ಏಳುವ ಮೊದಲು ನಾಡಿ ಎಣಿಸಿ ಒಂದು ಪುಸ್ತಕದಲ್ಲಿ ಬರೆದಿಡುವ ರೂಢಿ ಇದ್ದರೆ, ಎಂದಿಗಿಂತ ಏಳೆಂಟು ಹೆಚ್ಚಿರುವ ದಿನ ಬಿಡುವು ಎಂದು ಆ ಪುಸ್ತಕವೇ ಹೇಳುತ್ತದೆ. ಬದಿಯಡ್ಕದ ಮಾಷ್ಟ್ರು ಈಗ ಕೆಂಪು ಪೆನ್ನಿನಲ್ಲಿ ಬಿಡುವಿನ ದಿನಗಳನ್ನು ಗುರುತು ಮಾಡುತ್ತಾರೆ. ಬಿಡುವು ಮುಗಿದ ದಿನ ಬೇಗ ಎಚ್ಚರವಾಗುತ್ತದೆ ಎಂದು ಅವರೇ ಹೇಳಿದರು. ಜತೆಗಾರರೊಬ್ಬರನ್ನು ಗೊತ್ತುಮಾಡಿಕೊಳ್ಳಿ. ಹೊಳೆಬದಿಯಲ್ಲಿ ಇನ್ನೊಬ್ಬರು ಕಾಯುತ್ತಿದ್ದಾರೆ ಎಂದಾದರೆ ಹಾಸಿಗೆ ಬಿಡುವುದು ಸುಲಭ.

ಜೂನ್ ಬಂದರೆ ದೋಣಿ ಮೇಲೆ ಎಳೆದಿಡಲೇಬೇಕು. ತುಂಬಿದ ಚಂದ್ರಗಿರಿ, ಶಿರಿಯ ಹೊಳೆಗಳಲ್ಲಿ, ಅದರಲ್ಲೂ ಅಳಿವೆಯ ಹತ್ತಿರ, ಹವ್ಯಾಸಕ್ಕೆ ಹುಟ್ಟು ಹಾಕುವುದು ಸಲ್ಲದು. ಆಟಿ ತಿಂಗಳಲ್ಲಿ ಮೆಷಿನ್ ಇದ್ದವರು ಅದರಲ್ಲಿ, ಇಲ್ಲದವರು ಜಗಲಿಯಲ್ಲಿ ತೂಕ ಎತ್ತಿ ಬಲ ಕಾಯ್ದುಕೊಳ್ಳಲಿ. ದಮ್ಮು ಎರಡು ಮೂರು ವಾರದಲ್ಲೇ ಇಳಿಯತೊಡಗುತ್ತದೆ, ಸ್ನಾಯುಬಲ ಅಷ್ಟು ಬೇಗ ಹೋಗುವುದಿಲ್ಲ. ಮಳೆ ಹಿಂದೆ ಸರಿದು ದೋಣಿ ಇಳಿಸಿದ ಮೊದಲ ಎರಡು ವಾರ ಮೇ ತಿಂಗಳಲ್ಲಿ ಹಾಕುತ್ತಿದ್ದ ಹೊತ್ತಿನ ಅರ್ಧ ಮಾತ್ರ, ಎಲ್ಲವೂ ನಿಧಾನ, ಈಜು ಬಲ್ಲವರಿಗೂ ಲೈಫ್ ಜಾಕೆಟ್. ಮೂರನೆಯ ವಾರ ಮುಕ್ಕಾಲು ಹೊತ್ತು. ಜೋರಿನ ದಿನವನ್ನು ನಾಲ್ಕನೆಯ ವಾರದಲ್ಲಿ ಸೇರಿಸಿದರೆ ಸಾಕು, ಅದೂ ಹಿಂದಿನ ರಾತ್ರಿ ಚೆನ್ನಾಗಿ ನಿದ್ದೆಯಾಗಿದ್ದರೆ.